ಉತಾರ, ಕಬ್ಬಿನ ಬಿಲ್ಲು ಮತ್ತು ಪಾಸ್‌ಪೋರ್ಟ್: ವೀಸಾ ಬಗ್ಗೆ ನೀವು ಕೇಳಿದ್ದು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಭಯ ಇದೆ. "ನಮ್ಮಂಥವರಿಗೆ ವೀಸಾ ಕೊಡ್ತಾರಾ?" ಬರೆದವರು ಹೊಲ ಇರುವವರು, ಅಂಗಡಿ ಇಟ್ಟವರು, ಮಗ್ಗ ನಡೆಸುವವರು. ತಿಂಗಳ ಸಂಬಳ ಇಲ್ಲ, ಆಫೀಸಿನ ಪತ್ರ ಇಲ್ಲ. ಬೆಳಗಾವಿಯಲ್ಲಿ ಕೂತು ಹದಿನಾಲ್ಕು ವರ್ಷದಿಂದ ಈ ಕಾಗದಗಳನ್ನೇ ನೋಡುತ್ತಿದ್ದೇನೆ. ನಿಮ್ಮಂಥವರಿಗೂ ವೀಸಾ ಕೊಡುತ್ತಾರೆ. ನಿಮ್ಮ ಬದುಕು ಹೇಗಿದೆಯೋ ಹಾಗೇ ಕಾಗದದಲ್ಲಿ ಕಾಣಬೇಕು, ಅಷ್ಟೇ. ಮೊದಲ ಪತ್ರಕ್ಕೆ ಉತ್ತರ ಉದ್ದ ಆಯಿತು. ರೈತರ ಮನೆಯಿಂದ ಹೊರಡುವವರು ಅದನ್ನು ಪೂರ್ತಿ ಓದಿ.

ಪ್ರಶ್ನೆ: ನಮಸ್ಕಾರ ಅಕ್ಕಾರ. ನನಗೆ 58, ಮನೆಯವರಿಗೆ 53. ಮುಧೋಳ ತಾಲ್ಲೂಕಿನಲ್ಲಿ 9 ಎಕರೆ ಕಬ್ಬು ಇದೆ. ಮಕ್ಕಳ ಮದುವೆ ಮುಗಿಸಿದ್ದೇವೆ. ಮೇ ತಿಂಗಳಲ್ಲಿ ಫ್ರಾನ್ಸ್, ಸ್ವಿಟ್ಜರ್ಲೆಂಡ್, ಇಟಲಿ ನೋಡಿ ಬರೋಣ ಅಂತ ಆಸೆ. ಇನ್‌ಕಮ್ ಟ್ಯಾಕ್ಸ್ ರಿಟರ್ನ್ಸ್ ಯಾವತ್ತೂ ಹಾಕಿಲ್ಲ. ಏಜೆಂಟರೊಬ್ಬರು "ಖಾತೆಗೆ ಐದಾರು ಲಕ್ಷ ಹಾಕಿಸಿ ತೋರಿಸೋಣ, ಅಂಗಡಿ ಇದೆ ಅಂತ ಒಂದು ಕಾಗದ ಮಾಡಿಸೋಣ" ಅಂತಾರೆ. ಮಾಡಬಹುದಾ?

ಉತ್ತರ: ಬೇಡ ಕಾಕಾ. ದಯವಿಟ್ಟು ಬೇಡ.

ವೀಸಾ ಅಧಿಕಾರಿ ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಕೊನೆಯ ಮೊತ್ತ ಒಂದನ್ನೇ ನೋಡಿ ಸುಮ್ಮನಾಗುವುದಿಲ್ಲ. ದುಡ್ಡು ಎಲ್ಲಿಂದ ಬಂತು, ಯಾವಾಗ ಬಂತು, ಹೇಗೆ ಖರ್ಚಾಯಿತು ಎಂದು ನೋಡುತ್ತಾರೆ. ವರ್ಷವಿಡೀ ಇಪ್ಪತ್ತು ಮೂವತ್ತು ಸಾವಿರ ಇದ್ದ ಖಾತೆಗೆ ಅರ್ಜಿ ಹಾಕುವ ಹಿಂದಿನ ವಾರ ಐದು ಲಕ್ಷ ಬಿದ್ದರೆ ಅದು ಸಾಲದ ದುಡ್ಡು ಎಂದು ಯಾರಿಗೂ ಗೊತ್ತಾಗುತ್ತದೆ. ಇನ್ನು ಇಲ್ಲದ ಅಂಗಡಿಯ ಕಾಗದ ಸುಳ್ಳು ದಾಖಲೆ. ಅದು ಸಿಕ್ಕಿಬಿದ್ದರೆ ಈ ಅರ್ಜಿ ಹೋಗುವುದಷ್ಟೇ ಅಲ್ಲ. ಷೆಂಗೆನ್ ದೇಶಗಳ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ದಾಖಲೆಯಲ್ಲಿ ನಿರಾಕರಣೆ 5 ವರ್ಷ ಉಳಿಯುತ್ತದೆ, 29 ದೇಶಗಳಿಗೂ ಕಾಣುತ್ತದೆ.

ನೀವು ತೋರಿಸಬೇಕಾದದ್ದು ನಿಮ್ಮ ಮನೆಯಲ್ಲೇ ಇದೆ. ಎರಡು ವರ್ಷದ ಹಿಂದೆ ಫೆಬ್ರುವರಿಯಲ್ಲಿ ಗೋಕಾಕ ಕಡೆಯ ಗಂಡ ಹೆಂಡತಿ ನನ್ನ ಬಳಿ ಬಂದಿದ್ದರು. ಸೀರೆ ಅಂಗಡಿಯ ಕೈಚೀಲದ ತುಂಬ ನಾಲ್ಕು ವರ್ಷದ ಕಬ್ಬಿನ ಬಿಲ್ಲು, ತೂಕದ ಚೀಟಿ. ಕೆಲವಕ್ಕೆ ಎಣ್ಣೆ ಕಲೆ. "ಇವು ಏನು ಉಪಯೋಗ ಬಿಡ್ರಿ" ಎಂದು ಆ ಯಜಮಾನರು ಚೀಲ ಕೆಳಗಿಡಲು ಹೊರಟಿದ್ದರು. ಮೇಜಿನ ಮೇಲೆ ಎಲ್ಲ ಹರವಿ, ತಾರೀಖಿನ ಪ್ರಕಾರ ಜೋಡಿಸಿದೆವು. ಪಕ್ಕಕ್ಕೆ ಬ್ಯಾಂಕ್ ಪಾಸ್‌ಬುಕ್ ಇಟ್ಟೆವು. ಫ್ಯಾಕ್ಟರಿ ಬಿಲ್ಲಿನಲ್ಲಿ ಕಟಾವು, ಸಾಗಣೆ ಕಳೆದು ಉಳಿದ ಮೊತ್ತ ಪಾಸ್‌ಬುಕ್‌ನಲ್ಲಿ ಒಂದು ರೂಪಾಯಿ ಹೆಚ್ಚುಕಮ್ಮಿ ಇಲ್ಲದೆ ಜಮಾ ಆಗಿತ್ತು. ಬಿಲ್ಲಿಗೆ 1 ಎಂದು ಬರೆದು, ಅದೇ ಜಮೆಯ ಎದುರಿಗೆ ಪೆನ್ಸಿಲ್‌ನಿಂದ 1 ಎಂದು ಬರೆದೆವು. ಹೀಗೆ 11ರ ತನಕ ಹೋಯಿತು. ಅವರಿಬ್ಬರಿಗೂ ವೀಸಾ ಬಂತು.

ನೀವೂ ಹಾಗೇ ಮಾಡಿ. ಒಂದು ವರ್ಷದ ಸ್ಟೇಟ್‌ಮೆಂಟ್ ತೆಗೆಸಿ, ಬ್ಯಾಂಕಿನ ಸಿಕ್ಕಾ ಮತ್ತು ಸಹಿ ಹಾಕಿಸಿ. ಸಾಮಾನ್ಯವಾಗಿ ಮೂರು ಅಥವಾ ಆರು ತಿಂಗಳದ್ದು ಕೇಳುತ್ತಾರೆ. ಆದರೆ ಕಬ್ಬಿನ ದುಡ್ಡು ತಿಂಗಳಾ ಬರುವಂಥದ್ದಲ್ಲ ಅಲ್ವಾ? ವರ್ಷದ್ದು ಕೊಟ್ಟರೆ ಹಂಗಾಮಿನಲ್ಲಿ ದುಡ್ಡು ಬರುವುದು, ಆಮೇಲೆ ಗೊಬ್ಬರಕ್ಕೆ, ಆಳಿಗೆ ಹೋಗುವುದು ಎಲ್ಲ ಕಾಣುತ್ತದೆ. ಉತಾರ, ಅಂದರೆ ಹೊಲದ ಪಹಣಿ, ಕನ್ನಡದಲ್ಲಿರುತ್ತದೆ, ಇಂಗ್ಲಿಷ್‌ಗೆ ಅನುವಾದ ಮಾಡಿಸಿ ನೋಟರಿ ಸಹಿ ಹಾಕಿಸಿ. ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ ತನ್ನಿ. ಪತ್ತಿನ ಸೊಸೈಟಿಯಲ್ಲಿ ಠೇವಣಿ ಇದ್ದರೆ ಅದರ ರಸೀದಿಯನ್ನೂ ಸೇರಿಸಿ, ಆದರೆ ಮುಖ್ಯ ಆಧಾರ ಬ್ಯಾಂಕ್ ಖಾತೆಯೇ ಇರಲಿ.

ರಿಟರ್ನ್ಸ್ ಹಾಕಿಲ್ಲ ಎಂದು ನಾಚಿಕೊಳ್ಳುವ ಮಾತೇ ಇಲ್ಲ. ನಮ್ಮ ದೇಶದಲ್ಲಿ ಬೇಸಾಯದ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಇದನ್ನೇ ಒಂದು ಪುಟದ ಪತ್ರದಲ್ಲಿ ಬರೆಯಿರಿ. ನಾವು ರೈತರು, ಇಷ್ಟು ಎಕರೆ, ಇಂಥ ಬೆಳೆ, ವರ್ಷಕ್ಕೆ ಇಷ್ಟು ಬರುತ್ತದೆ, ಮೇ ತಿಂಗಳಲ್ಲಿ ಕಟಾವು ಮುಗಿದು ಬಿಡುವಿರುತ್ತದೆ, ಮಳೆಗಾಲಕ್ಕೆ ವಾಪಸ್ ಹೊಲದಲ್ಲಿರಬೇಕು. ಈ ಕೊನೆಯ ಮಾತು ಬಹಳ ಮುಖ್ಯ. ಅಧಿಕಾರಿಯ ತಲೆಯಲ್ಲಿರುವ ದೊಡ್ಡ ಪ್ರಶ್ನೆ, "ಇವರು ತಿರುಗಿ ಹೋಗ್ತಾರಾ?" ಬೆಳೆ ಬಿಟ್ಟು ಯಾರೂ ಓಡಿಹೋಗುವುದಿಲ್ಲ.

ಇನ್ನು ಎಲ್ಲಿಗೆ ಅರ್ಜಿ ಹಾಕಬೇಕು? ಮೂರು ದೇಶಕ್ಕೆ ಮೂರು ವೀಸಾ ಬೇಕಿಲ್ಲ, ಒಂದೇ ಷೆಂಗೆನ್ ವೀಸಾ ಸಾಕು. ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶಕ್ಕೆ ಅರ್ಜಿ. ಫ್ರಾನ್ಸ್‌ನಲ್ಲಿ 4, ಸ್ವಿಟ್ಜರ್ಲೆಂಡ್‌ನಲ್ಲಿ 4, ಇಟಲಿಯಲ್ಲಿ 3 ದಿನ ಎಂದಾದರೆ ಎರಡು ಸಮ ಬಂತು. ಆಗ ಮೊದಲು ಕಾಲಿಡುವ ದೇಶಕ್ಕೆ. ಅಗ್ಗದ ಟಿಕೆಟ್ ಸಿಕ್ಕಿತೆಂದು ಆಮೇಲೆ ದಿನಗಳನ್ನು ಹಿಂದೆ ಮುಂದೆ ಮಾಡಬೇಡಿ.

ವೀಸಾ ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೊ. ವೀಸಾ ಕೇಂದ್ರದ ಸೇವಾ ಶುಲ್ಕ ಬೇರೆ. ವೀಸಾ ಸಿಗದಿದ್ದರೆ ದುಡ್ಡು ವಾಪಸ್ ಬರುವುದಿಲ್ಲ. ಪ್ರಯಾಣ ವಿಮೆ ಕನಿಷ್ಠ 30,000 ಯೂರೊದ್ದು ಇರಬೇಕು, ಇರುವ ಅಷ್ಟೂ ದಿನಕ್ಕೆ. ಪಾಸ್‌ಪೋರ್ಟ್ ಹತ್ತು ವರ್ಷದ ಒಳಗಿನದಾಗಿರಬೇಕು, ಅಲ್ಲಿಂದ ಹೊರಡುವ ದಿನದಿಂದ ಇನ್ನೂ 3 ತಿಂಗಳು ಬಾಳಬೇಕು, ಎರಡು ಪುಟ ಖಾಲಿ ಇರಬೇಕು. ಪ್ರಯಾಣದ 6 ತಿಂಗಳ ಮುಂಚೆಯಿಂದ ಅರ್ಜಿ ಹಾಕಬಹುದು, ಕಡೇಪಕ್ಷ 15 ದಿನ ಮುಂಚೆ ಹಾಕಿರಲೇಬೇಕು. ಬೇಸಿಗೆಗೆ ಅಪಾಯಿಂಟ್‌ಮೆಂಟ್ ಬೇಗ ತುಂಬಿಹೋಗುತ್ತವೆ, ಹಾಗಾಗಿ ನೀವು ಫೆಬ್ರುವರಿಯಲ್ಲೇ ದಿನ ಹಿಡಿಯಿರಿ. ಬೆರಳಚ್ಚು ಕೊಡಲು ಇಬ್ಬರೂ ಖುದ್ದಾಗಿ ಹೋಗಬೇಕು. ಒಮ್ಮೆ ಕೊಟ್ಟರೆ 59 ತಿಂಗಳು ಮತ್ತೆ ಕೇಳುವುದಿಲ್ಲ.

ಕುಡಗೋಲು ಹಿಡಿದ ಕೈಯ ಬೆರಳಚ್ಚು ಯಂತ್ರದಲ್ಲಿ ಒಂದೊಂದು ಸಲ ಸರಿಯಾಗಿ ಮೂಡುವುದಿಲ್ಲ. ಗಾಬರಿ ಆಗಬೇಡಿ, ಮತ್ತೆ ಮತ್ತೆ ತೆಗೆಯುತ್ತಾರೆ. ಒಂದು ವಾರ ಮುಂಚಿನಿಂದ ರಾತ್ರಿ ಮಲಗುವಾಗ ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ. ಕೌಂಟರಿಗೆ ಹೋಗುವ ಮುಂಚೆ ಕೈ ತೊಳೆದು ಒರೆಸಿಕೊಳ್ಳಿ.

ಪ್ರಶ್ನೆ: ನಾವು ಇಳಕಲ್‌ನವರು. ಅವ್ವನಿಗೆ 47 ವರ್ಷ, ಏಳನೇ ಇಯತ್ತೆವರೆಗೆ ಓದಿದ್ದಾರೆ. ಪಾಸ್‌ಪೋರ್ಟ್‌ನಲ್ಲಿ "ಎಮಿಗ್ರೇಷನ್ ಚೆಕ್ ರಿಕ್ವೈರ್ಡ್" ಅಂತ ಅಚ್ಚಾಗಿದೆ. ಥಾಯ್ಲೆಂಡ್‌ಗೆ ಐದು ದಿನ ಕರೆದುಕೊಂಡು ಹೋಗಬೇಕು. ಏರ್‌ಪೋರ್ಟ್‌ನಲ್ಲಿ ತಡೀತಾರೆ ಅಂತ ಎಲ್ಲರೂ ಹೆದರಿಸ್ತಾರೆ.

ಉತ್ತರ: ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್‌ಗೆ ಈ ಸಾಲು ಬರುತ್ತದೆ. ಇದು ತಪ್ಪಿನ ಗುರುತಲ್ಲ. ಕೆಲಸ ಕೊಡಿಸುತ್ತೇವೆಂದು ಬಡವರನ್ನು ಹೊರದೇಶಕ್ಕೆ ಸಾಗಿಸಿ ಮೋಸ ಮಾಡುವವರಿಂದ ಕಾಪಾಡಲು ನಮ್ಮ ಸರ್ಕಾರವೇ ಮಾಡಿದ ವ್ಯವಸ್ಥೆ. 18 ದೇಶಗಳಿಗೆ ದುಡಿಯಲು ಹೋಗುವಾಗ ಇದು ಲೆಕ್ಕಕ್ಕೆ ಬರುತ್ತದೆ, ಆಗ ಸರ್ಕಾರದ ಪರವಾನಗಿ ಬೇಕು. ಕೊಲ್ಲಿ ದೇಶಗಳ ಜೊತೆಗೆ ಥಾಯ್ಲೆಂಡ್, ಮಲೇಷ್ಯಾ, ಇಂಡೋನೇಷ್ಯಾ ಕೂಡ ಆ ಪಟ್ಟಿಯಲ್ಲಿವೆ. ಬಹಳ ಜನಕ್ಕೆ ಇದು ಗೊತ್ತಿಲ್ಲ.

ಪ್ರವಾಸಕ್ಕೆ ಹೋಗುವವರಿಗೆ ಆ ಪರವಾನಗಿ ಬೇಕಿಲ್ಲ. ಆದರೆ ಪ್ರವಾಸಕ್ಕೇ ಹೋಗುತ್ತಿರುವುದು ಕಾಣಬೇಕು. ವಾಪಸ್ ಬರುವ ಟಿಕೆಟ್, ಹೋಟೆಲ್ ಬುಕಿಂಗ್ ಎರಡನ್ನೂ ಅವ್ವನ ಹೆಸರಿನಲ್ಲಿ ಪ್ರಿಂಟ್ ತೆಗೆದು ಅವರ ಕೈಯಲ್ಲೇ ಕೊಡಿ. ನಿಮ್ಮ ಮೊಬೈಲ್‌ನಲ್ಲಿ ಇಟ್ಟುಕೊಂಡು ನೀವು ಬೇರೆ ಸಾಲಿನಲ್ಲಿ ನಿಂತರೆ ಅವರು ಪಾಪ ಏನು ತೋರಿಸಬೇಕು? ಎಲ್ಲಿಗೆ, ಎಷ್ಟು ದಿನ, ಯಾರ ಜೊತೆ ಎಂದು ಕೇಳುತ್ತಾರೆ. ಇದ್ದದ್ದನ್ನು ಇದ್ದ ಹಾಗೆ ಹೇಳಲಿ. ಮನೆಯಲ್ಲಿ ಕೂತು ಉತ್ತರ ಬಾಯಿಪಾಠ ಮಾಡಿಸಬೇಡಿ. ಅವರಿಗೆ 50 ತುಂಬಿದ ಮೇಲೆ ಪಾಸ್‌ಪೋರ್ಟ್ ಮರುವಿತರಣೆಗೆ ಹಾಕಿ, ಆ ಸಾಲು ಹೋಗುತ್ತದೆ.

ಥಾಯ್ಲೆಂಡ್ ಭಾರತೀಯ ಪ್ರವಾಸಿಗರಿಗೆ 2024ರ ಜುಲೈನಲ್ಲಿ ವೀಸಾ ಇಲ್ಲದೆ 60 ದಿನ ಇರಲು ಬಿಟ್ಟಿತು. ಇಂಥ ರಿಯಾಯಿತಿ ಆಗಾಗ ಬದಲಾಗುತ್ತದೆ. ಟಿಕೆಟ್ ಮಾಡಿಸುವ ದಿನ ಥಾಯ್ ರಾಯಭಾರ ಕಚೇರಿಯ ವೆಬ್‌ಸೈಟ್ ನೋಡಿಯೇ ದುಡ್ಡು ಕಟ್ಟಿ. 2025ರ ಮೇ 1ರಿಂದ ಅಲ್ಲಿಗೆ ಡಿಜಿಟಲ್ ಆಗಮನ ಕಾರ್ಡ್ ಕಡ್ಡಾಯ. ಅಲ್ಲಿ ಇಳಿಯುವ ಮುಂಚಿನ 3 ದಿನದ ಒಳಗೆ ಆನ್‌ಲೈನ್‌ನಲ್ಲಿ ತುಂಬಬೇಕು. ಪೂರ್ತಿ ಉಚಿತ. ದುಡ್ಡು ಕೇಳುವ ವೆಬ್‌ಸೈಟ್ ತೆರೆದರೆ ಅದು ಸರ್ಕಾರದ್ದಲ್ಲ, ಮುಚ್ಚಿಬಿಡಿ.

ಪ್ರಶ್ನೆ: ನಾನು ಜಮಖಂಡಿಯಲ್ಲಿ ಹುಟ್ಟಿದ್ದು 1969ರಲ್ಲಿ. ಪಾಸ್‌ಪೋರ್ಟ್‌ನಲ್ಲಿ ಹುಟ್ಟಿದ ಸ್ಥಳ "ಜಮಖಂಡಿ, ಬಿಜಾಪುರ" ಅಂತಿದೆ. ಆಧಾರ್‌ನಲ್ಲಿ ಬಾಗಲಕೋಟೆ ಜಿಲ್ಲೆ. ವೀಸಾಕ್ಕೆ ತೊಂದರೆ ಆಗುತ್ತಾ?

ಉತ್ತರ: ಇಲ್ಲ. ನೀವು ಹುಟ್ಟಿದಾಗ ಜಮಖಂಡಿ ಬಿಜಾಪುರ ಜಿಲ್ಲೆಯಲ್ಲೇ ಇತ್ತು. ಬಾಗಲಕೋಟೆ ಜಿಲ್ಲೆ ಆದದ್ದು 1997ರಲ್ಲಿ. ಬಿಜಾಪುರ ವಿಜಯಪುರ ಆದದ್ದು, ಬೆಳಗಾಂ ಬೆಳಗಾವಿ ಆದದ್ದು 2014ರ ನವೆಂಬರ್ 1ರಂದು. ಎರಡು ಕಾಗದವೂ ಸರಿಯೇ. ಹುಟ್ಟಿದ ಊರಿನ ಕಲಂನಲ್ಲಿ ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೆ ಒಂದಕ್ಷರ ಬದಲಿಸದೆ ಬರೆಯಿರಿ. ಈಗಿನ ವಿಳಾಸದ ಕಲಂನಲ್ಲಿ ಈಗಿನ ಹೆಸರು. ಹೊಸ ಹೆಸರು ಚೆಂದ ಎಂದು ಹುಟ್ಟಿದ ಊರಿನ ಕಲಂನಲ್ಲೂ ವಿಜಯಪುರ ಎಂದು ಬರೆದು ತಪ್ಪು ಮಾಡಿಕೊಂಡವರನ್ನು ನೋಡಿದ್ದೇನೆ.

ಪ್ರಶ್ನೆ: ಅಥಣಿಯಿಂದ ಬರೆಯುತ್ತಿದ್ದೇನೆ. ನನ್ನ ಪಾಸ್‌ಪೋರ್ಟ್‌ನಲ್ಲಿ ಬರೀ ನನ್ನ ಹೆಸರಿದೆ, ಅಡ್ಡಹೆಸರಿನ ಜಾಗ ಖಾಲಿ. ದುಬೈಗೆ ಹೋಗಬಹುದಾ?

ಉತ್ತರ: ನಮ್ಮ ಕಡೆ ಹೆಣ್ಣುಮಕ್ಕಳ ಶಾಲೆಯ ದಾಖಲೆಯಲ್ಲಿ ಬರೀ ಹೆಸರು ಬರೆದುಬಿಟ್ಟಿರುತ್ತಾರೆ, ಅದೇ ಪಾಸ್‌ಪೋರ್ಟ್‌ಗೂ ಬರುತ್ತದೆ. ಒಂದೇ ಹೆಸರಿನ ಪಾಸ್‌ಪೋರ್ಟ್‌ಗೆ ಯುಎಇ (ದುಬೈ ಇರುವ ದೇಶ) 2022ರ ನವೆಂಬರ್‌ನಿಂದ ಪ್ರವಾಸಿ ವೀಸಾ ಕೊಡುತ್ತಿಲ್ಲ. ಆದರೆ ಎರಡನೇ ಪುಟದಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ದರೆ ಒಪ್ಪುತ್ತೇವೆ ಎಂದು ಆಮೇಲೆ ಹೇಳಿದರು. ಅವರು ಎರಡನೇ ಪುಟ ಎನ್ನುವುದು ನಮ್ಮ ಪಾಸ್‌ಪೋರ್ಟ್‌ನ ಕೊನೆಯ ಪುಟ. ಅದನ್ನು ನೋಡಿ, ವಿಳಾಸದ ಜೊತೆ ತಂದೆಯ ಹೆಸರು ಇರುತ್ತದೆ. ಹೋಗಬಹುದು. ಆದರೂ ನನ್ನ ಸಲಹೆ, ಒಮ್ಮೆ ಮರುವಿತರಣೆಗೆ ಹಾಕಿ ಅಡ್ಡಹೆಸರು ಸೇರಿಸಿಬಿಡಿ. 36 ಪುಟದ್ದಕ್ಕೆ 1,500 ರೂಪಾಯಿ. ಬೆಳಗಾವಿಯ ಅಂಚೆ ಕಚೇರಿ ಪಾಸ್‌ಪೋರ್ಟ್ ಕೇಂದ್ರದಲ್ಲೇ ಆಗುತ್ತದೆ. ಅದಕ್ಕೂ ಮುಂಚೆ ಆಧಾರ್‌ನಲ್ಲಿ ಅದೇ ಹೆಸರು, ಅದೇ ಅಕ್ಷರಗಳಲ್ಲಿ ಇರುವ ಹಾಗೆ ಮಾಡಿಕೊಳ್ಳಿ.

ಪ್ರಶ್ನೆ: ಮಗ ಅಮೆರಿಕದಲ್ಲಿದ್ದಾನೆ. ನಮಗೆ 10 ವರ್ಷದ ಪ್ರವಾಸಿ ವೀಸಾ ಸಿಕ್ಕಿದೆ. ಹಾಗಾದರೆ ಒಂದು ವರ್ಷ ಅಲ್ಲೇ ಇರಬಹುದಲ್ಲ? (ನಿಪ್ಪಾಣಿ)

ಉತ್ತರ: ಇರಬಾರದು. ಈ ತಪ್ಪು ತಿಳಿವಳಿಕೆಯಿಂದ ವಯಸ್ಸಾದ ತಂದೆ ತಾಯಿ ತೊಂದರೆಗೆ ಸಿಕ್ಕಿಕೊಳ್ಳುತ್ತಾರೆ, ನನಗೆ ತುಂಬಾ ಸಂಕಟ ಆಗುತ್ತದೆ. ವೀಸಾದ ಮೇಲಿನ ತಾರೀಖು ಆ ದೇಶದ ಬಾಗಿಲು ತಟ್ಟಲು ಇರುವ ಅವಧಿ. ಒಳಗೆ ಎಷ್ಟು ದಿನ ಇರಬೇಕು ಎನ್ನುವುದನ್ನು ಅಲ್ಲಿ ವಿಮಾನ ಇಳಿದಾಗ ಅಧಿಕಾರಿ ನಿರ್ಧರಿಸುತ್ತಾರೆ. ಸಾಮಾನ್ಯವಾಗಿ 6 ತಿಂಗಳು ಕೊಡುತ್ತಾರೆ. ಆ ಕೊನೆಯ ದಿನ ಐ-94 ಎನ್ನುವ ದಾಖಲೆಯಲ್ಲಿರುತ್ತದೆ. ಇಳಿದ ಮೇಲೆ ಮಗನಿಗೆ ಹೇಳಿ ಅದನ್ನು ಆನ್‌ಲೈನ್‌ನಲ್ಲಿ ತೆಗೆಸಿ, ತಾರೀಖನ್ನು ದೊಡ್ಡದಾಗಿ ಬರೆದು ಫ್ರಿಜ್ ಮೇಲೆ ಅಂಟಿಸಿ. ಒಂದು ದಿನ ಮೀರಿದರೂ ಆ 10 ವರ್ಷದ ವೀಸಾ ರದ್ದಾಗುತ್ತದೆ. 180 ದಿನಕ್ಕಿಂತ ಜಾಸ್ತಿ ಮೀರಿ ಹೊರಬಂದರೆ 3 ವರ್ಷ, ಒಂದು ವರ್ಷ ಮೀರಿದರೆ 10 ವರ್ಷ ಒಳಗೆ ಬಿಡುವುದಿಲ್ಲ. ಸೊಸೆಯ ಬಾಣಂತನ ಅಂತ ಹೆಚ್ಚು ದಿನ ಬೇಕಾದರೆ, ಅವಧಿ ಮುಗಿಯುವ ಮುಂಚೆಯೇ ವಿಸ್ತರಣೆಗೆ ಅರ್ಜಿ ಹಾಕಬೇಕು.

ಈ ಮಧ್ಯೆ ಪಾಸ್‌ಪೋರ್ಟ್ ಅವಧಿ ಮುಗಿದರೆ ಹಳೆಯದನ್ನು ಎಸೆಯಬೇಡಿ. ವೀಸಾ ಅದರಲ್ಲೇ ಇದೆ. ಹೊಸದು, ಹಳೆಯದು ಎರಡನ್ನೂ ಹಿಡಿದುಕೊಂಡು ಹೋದರೆ ಆಯಿತು.

ಪ್ರಶ್ನೆ: ವಿಜಯಪುರದಿಂದ ನಾವು ಮೂವರು ಪಶುಪತಿನಾಥನ ದರ್ಶನಕ್ಕೆ ವಿಮಾನದಲ್ಲಿ ಕಠ್ಮಂಡುವಿಗೆ ಹೊರಟಿದ್ದೇವೆ. ಅಪ್ಪನಿಗೆ 72, ನನಗೆ 41, ಮಗನಿಗೆ 12. ಆಧಾರ್ ಸಾಕಲ್ವಾ?

ಉತ್ತರ: ನಿಮಗೆ ಸಾಲದು. ನೇಪಾಳಕ್ಕೆ ವೀಸಾ ಬೇಕಿಲ್ಲ, ಆದರೆ ನಿಮ್ಮ ವಯಸ್ಸಿನವರಿಗೆ ಪಾಸ್‌ಪೋರ್ಟ್ ಇಲ್ಲವೇ ಚುನಾವಣಾ ಆಯೋಗದ ವೋಟರ್ ಕಾರ್ಡ್ ಬೇಕು. 65 ದಾಟಿದವರಿಗೆ ಮತ್ತು 15ರ ಕೆಳಗಿನವರಿಗೆ ಇದರಿಂದ ವಿನಾಯಿತಿ ಇದೆ, ಫೋಟೋ ಇರುವ ಬೇರೆ ಗುರುತಿನ ಚೀಟಿ ನಡೆಯುತ್ತದೆ. ಅಪ್ಪನಿಗೆ ಪ್ಯಾನ್ ಕಾರ್ಡ್ ಮತ್ತು ಆಧಾರ್ ಎರಡನ್ನೂ ಇಟ್ಟುಕೊಳ್ಳಿ. ಮಗನಿಗೆ ಪಾಸ್‌ಪೋರ್ಟ್ ಇದ್ದರೆ ಅದನ್ನೇ ಒಯ್ಯಿರಿ. ನಿಮ್ಮ ವೋಟರ್ ಕಾರ್ಡ್ ಹಳೆಯದಾಗಿದ್ದರೆ ಇವತ್ತೇ ತೆಗೆದು ನೋಡಿ. ಫೋಟೋ ಮಾಸಿದ್ದರೆ, ಟಿಕೆಟ್‌ನ ಹೆಸರಿಗೂ ಅದರ ಹೆಸರಿಗೂ ಹೊಂದದಿದ್ದರೆ, ಹೊಸ ಕಾರ್ಡ್ ಕೈಗೆ ಬಂದ ಮೇಲೆ ಟಿಕೆಟ್ ಮಾಡಿಸಿ.