ಮುಟ್ಟು ನಿಲ್ಲುವ ಹೊತ್ತು: ‘ವಯಸ್ಸಾಯ್ತು, ಸಹಿಸ್ಕೋ’ ಅಂದರೆ ಸಾಕಾ?

ಪ್ರಶ್ನೆ: ನನಗೆ 45 ವರ್ಷ. ತುಮಕೂರಿನಲ್ಲಿ ಹೈಸ್ಕೂಲ್ ಟೀಚರ್. ಏಳೆಂಟು ತಿಂಗಳಿಂದ ಮುಟ್ಟಿನ ಲೆಕ್ಕ ತಪ್ಪಿದೆ. ಒಂದು ಸಲ 22 ದಿನಕ್ಕೇ ಬಂತು, ಆಮೇಲೆ ಎರಡು ತಿಂಗಳು ಬರಲೇ ಇಲ್ಲ. ಪಾಠ ಮಾಡುವಾಗ ಇದ್ದಕ್ಕಿದ್ದ ಹಾಗೆ ಎದೆಯಿಂದ ಮುಖದವರೆಗೆ ಕಾವು ಏರುತ್ತದೆ, ಬ್ಲೌಸ್ ಒದ್ದೆಯಾಗುತ್ತದೆ. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಎದುರಿಗಿರುವ ಮಕ್ಕಳ ಹೆಸರೇ ಬಾಯಿಗೆ ಬರುವುದಿಲ್ಲ. ಅತ್ತೆ ‘ಉಷ್ಣ ಆಗಿದೆ, ಎಳನೀರು ಕುಡಿ’ ಅಂತಾರೆ. ಸಹೋದ್ಯೋಗಿಯೊಬ್ಬರು ಹಾರ್ಮೋನ್ ಟೆಸ್ಟ್ ಮಾಡಿಸಿ ಅಂದರು. ಇದು ಮುಟ್ಟು ನಿಲ್ಲುವ ಲಕ್ಷಣವೇ? ಇಷ್ಟು ಬೇಗನಾ ಡಾಕ್ಟ್ರೇ?

ಉತ್ತರ: ಹೌದು, ನೀವು ಬರೆದಿರುವುದೆಲ್ಲ ಅದರದ್ದೇ ಲಕ್ಷಣ. ಬೇಗ ಅಂತೂ ಅಲ್ಲ. ನಮ್ಮ ದೇಶದ ಹೆಂಗಸರಿಗೆ ಸರಾಸರಿ 46–47ರ ಹೊತ್ತಿಗೆ ಮುಟ್ಟು ನಿಲ್ಲುತ್ತದೆ. ಅಮೆರಿಕ, ಯುರೋಪಿನಲ್ಲಿ ಅದು 51ರ ಹತ್ತಿರ. ಅಲ್ಲಿನ ಲೆಕ್ಕ ಓದಿಕೊಂಡು ಬಂದವರು ‘ಐವತ್ತು ದಾಟಿದ ಮೇಲೆ ಅಲ್ವಾ ಅದು?’ ಅಂತ ನನ್ನನ್ನು ಕೇಳುತ್ತಲೇ ಇರುತ್ತಾರೆ.

ಮುಟ್ಟು ಒಂದೇ ದಿನಕ್ಕೆ ನಿಲ್ಲುವುದಿಲ್ಲ. ನಾಲ್ಕೈದು ವರ್ಷ ಮುಂಚಿನಿಂದಲೇ ಏರುಪೇರು ಶುರುವಾಗುತ್ತದೆ. ಈ ಕಾಲವನ್ನು ಪೆರಿಮೆನೋಪಾಸ್ ಅನ್ನುತ್ತೇವೆ. ಮೊದಲು ಒಂದು ತಿಂಗಳಿಗೂ ಇನ್ನೊಂದು ತಿಂಗಳಿಗೂ ವಾರಕ್ಕಿಂತ ಹೆಚ್ಚು ವ್ಯತ್ಯಾಸ ಬರುತ್ತದೆ. ಆಮೇಲೆ ಎರಡು ತಿಂಗಳು, ಮೂರು ತಿಂಗಳು ತಪ್ಪತೊಡಗುತ್ತದೆ. ಎರಡು ತಿಂಗಳ ಅಂತರ ಶುರುವಾಯಿತೆಂದರೆ ಇನ್ನು ಒಂದರಿಂದ ಮೂರು ವರ್ಷದಲ್ಲಿ ಪೂರ್ತಿ ನಿಲ್ಲುವುದು ಹೆಚ್ಚು. ಕೊನೆಯ ಮುಟ್ಟಾಗಿ 12 ತಿಂಗಳು ಕಳೆದ ಮೇಲಷ್ಟೇ ಮೆನೋಪಾಸ್ ಆಯಿತು ಅಂತ ಲೆಕ್ಕ. ಹನ್ನೊಂದನೇ ತಿಂಗಳಲ್ಲಿ ಬಂದುಬಿಟ್ಟರೆ ಮತ್ತೆ ಒಂದರಿಂದ ಎಣಿಸಬೇಕು.

ಅತ್ತೆಯವರ ಮಾತನ್ನು ತಳ್ಳಿಹಾಕಬೇಡಿ. ಅವರ ಕಾಲದಲ್ಲಿ ಇದಕ್ಕೆ ಇದ್ದ ಒಂದೇ ಹೆಸರು ‘ಉಷ್ಣ’. ಎಳನೀರು ಕುಡಿಯಿರಿ, ಒಳ್ಳೆಯದೇ. ಆದರೆ ಈ ಕಾವು ಹೊಟ್ಟೆಯದ್ದಲ್ಲ, ತಲೆಯೊಳಗಿನದ್ದು. ಮೆದುಳಿನಲ್ಲಿ ಮೈಯ ಬಿಸಿಯನ್ನು ಹದದಲ್ಲಿಡುವ ಒಂದು ಭಾಗ ಇದೆ. ಈಸ್ಟ್ರೋಜೆನ್ ಹಾರ್ಮೋನು ಏರಿಳಿಯುತ್ತಾ ಕಡಿಮೆಯಾದಾಗ ಆ ಭಾಗ ವಿಪರೀತ ಸೂಕ್ಷ್ಮವಾಗುತ್ತದೆ. ಮೈ ಸ್ವಲ್ಪವೇ ಬೆಚ್ಚಗಾದರೂ ‘ತುಂಬಾ ಬಿಸಿಯಾಯ್ತು’ ಅಂತ ತಿಳಿದು ರಕ್ತವನ್ನೆಲ್ಲ ಚರ್ಮದ ಕಡೆಗೆ ಕಳಿಸುತ್ತದೆ, ಬೆವರು ಸುರಿಸುತ್ತದೆ. ಒಂದರಿಂದ ಐದು ನಿಮಿಷದ ಆಟ. ಅದು ಇಳಿದ ಮೇಲೆ ಕೆಲವರಿಗೆ ಚಳಿ ಬಂದ ಹಾಗೂ ಆಗುತ್ತದೆ. ರಾತ್ರಿ ಹೆಂಡತಿ ಫ್ಯಾನ್ ಹಾಕುವುದು, ಗಂಡ ಎದ್ದು ಆರಿಸುವುದು, ಹತ್ತು ನಿಮಿಷಕ್ಕೆ ಹೆಂಡತಿಯೇ ರಗ್ಗು ಎಳೆದುಕೊಳ್ಳುವುದು: ಇದು ಎಷ್ಟೋ ಮನೆಗಳಲ್ಲಿ ನಡೆಯುತ್ತಿದೆ.

ಹೆಸರು ಮರೆಯುವುದಕ್ಕೆ ಹೆದರಬೇಡಿ. ನಿದ್ದೆಗೆಟ್ಟ ತಲೆಗೆ ಯಾವ ಹೆಸರು ತಾನೇ ನೆನಪಿರುತ್ತದೆ? ಹಾರ್ಮೋನಿನ ಏರಿಳಿತವೂ ಅದಕ್ಕೆ ಸೇರಿಕೊಳ್ಳುತ್ತದೆ. ಇದು ಮರೆವಿನ ಕಾಯಿಲೆಯ ಶುರು ಅಲ್ಲ.

ಈಗ ಟೆಸ್ಟ್ ವಿಷಯ. 45 ದಾಟಿದವರಿಗೆ ಎಫ್‌ಎಸ್‌ಎಚ್ ಅನ್ನುವ ಹಾರ್ಮೋನ್ ಟೆಸ್ಟ್ ಸಾಮಾನ್ಯವಾಗಿ ಬೇಡ. ಈ ಕಾಲದಲ್ಲಿ ಅದು ಇವತ್ತು ಒಂದು, ಮುಂದಿನ ವಾರ ಇನ್ನೊಂದು ತೋರಿಸುತ್ತದೆ. ಸುಮ್ನೆ ದುಡ್ಡು ಖರ್ಚು. ನಿಮ್ಮ ವಯಸ್ಸು, ನಿಮ್ಮ ಮಾತು, ನಿಮ್ಮ ಮುಟ್ಟಿನ ತಾರೀಕುಗಳೇ ಸಾಕು. ನಾನು ಮಾಡಿಸುವುದು ಬೇರೆ: ಎರಡು ತಿಂಗಳು ತಪ್ಪಿದ್ದರೆ ಮೊದಲು ಯೂರಿನ್ ಪ್ರೆಗ್ನೆನ್ಸಿ ಟೆಸ್ಟ್, ಆಮೇಲೆ ಥೈರಾಯ್ಡ್, ಹಿಮೋಗ್ಲೋಬಿನ್, ಶುಗರ್, ಬಿಪಿ. ಥೈರಾಯ್ಡ್ ಏರುಪೇರಾದರೂ ಬೆವರು, ಎದೆಬಡಿತ, ಸುಸ್ತು ಎಲ್ಲ ಹೀಗೇ ಬರುತ್ತದೆ. ಪ್ರೆಗ್ನೆನ್ಸಿ ಟೆಸ್ಟ್ ಅಂದರೆ ತುಂಬಾ ಜನ ನಾಚಿಕೊಳ್ಳುತ್ತಾರೆ. ಮುಟ್ಟು ತಪ್ಪಿ ತಪ್ಪಿ ಬರುತ್ತಿರುವವರೆಗೂ ಗರ್ಭ ನಿಲ್ಲುವ ಸಾಧ್ಯತೆ ಇದ್ದೇ ಇದೆ. ಐವತ್ತರ ಒಳಗೆ ಮುಟ್ಟು ನಿಂತರೆ ಮುಂದಿನ ಎರಡು ವರ್ಷ, ಐವತ್ತರ ಮೇಲೆ ನಿಂತರೆ ಒಂದು ವರ್ಷ ಗರ್ಭನಿರೋಧಕ ಬಿಡಬಾರದು. 40ಕ್ಕಿಂತ ಮೊದಲೇ ಯಾರಿಗಾದರೂ ಮುಟ್ಟು ನಿಲ್ಲತೊಡಗಿದರೆ ಮಾತ್ರ ಹಾರ್ಮೋನ್ ಟೆಸ್ಟ್ ಬೇಕೇ ಬೇಕು. ಅದು ಬೇರೆಯದೇ ತೊಂದರೆ, ಕಾಯುತ್ತಾ ಕೂರುವಂಥದ್ದಲ್ಲ.

ನೀವು ಇವತ್ತಿನಿಂದಲೇ ಮಾಡಬೇಕಾದದ್ದು ಒಂದಿದೆ. ಕಳೆದ ವರ್ಷ ಒಬ್ಬರು ಅಡುಗೆಮನೆಯ ಕ್ಯಾಲೆಂಡರಿನ ಎಂಟು ಹಾಳೆ ಹರಿದುಕೊಂಡು ಬಂದಿದ್ದರು. ಹಾಲಿನ ಲೆಕ್ಕ, ಸಿಲಿಂಡರ್ ಬಂದ ತಾರೀಕು, ಚೀಟಿ ಕಟ್ಟುವ ದಿನ, ಇವುಗಳ ಮಧ್ಯೆ ಕೆಂಪು ಪೆನ್ನಿನ ಚುಕ್ಕೆಗಳು. ಮುಟ್ಟಾದ ದಿನ ಒಂದು ಚುಕ್ಕೆ, ಜಾಸ್ತಿ ಹೋದ ದಿನ ಎರಡು. ನಿದ್ದೆ ಬಾರದ ರಾತ್ರಿಗೆ ‘ನಿ’ ಅನ್ನುವ ಒಂದಕ್ಷರ. ‘ನಿ’ ಜಾಸ್ತಿ ಇದ್ದ ವಾರಗಳಲ್ಲೇ ಅವರಿಗೆ ಸಿಟ್ಟು, ಅಳು, ತಲೆನೋವು ಬಂದಿತ್ತು. ಅರ್ಧ ಗಂಟೆ ಕೇಳಿ ತಿಳಿಯಬೇಕಾದದ್ದು ನನಗೆ ಎರಡು ನಿಮಿಷದಲ್ಲಿ ತಿಳಿಯಿತು. ನೀವೂ ಹಾಗೇ ಬರೆದಿಡಿ. ಯಾವುದು ತಿಂದಾಗ, ಎಲ್ಲಿ ನಿಂತಾಗ ಕಾವು ಏರುತ್ತದೆ ಅಂತಲೂ ಗುರುತು ಹಾಕಿ. ಕೆಲವರಿಗೆ ಸ್ಟ್ರಾಂಗ್ ಕಾಫಿ, ಕೆಲವರಿಗೆ ಖಾರದ ಸಾರು, ಇನ್ನು ಕೆಲವರಿಗೆ ಒಲೆಯ ಮುಂದೆ ನಿಲ್ಲುವುದೇ ಸಾಕು. ಗೊತ್ತಾದರೆ ಅದನ್ನಷ್ಟೇ ಕಡಿಮೆ ಮಾಡಬಹುದು, ಎಲ್ಲವನ್ನೂ ಬಿಡಬೇಕಿಲ್ಲ.

ಕ್ಲಾಸಿಗೆ ಕಾಟನ್ ಸೀರೆ, ಟೇಬಲ್ ಮೇಲೆ ತಣ್ಣೀರಿನ ಬಾಟಲಿ ಇರಲಿ. ಕಾವು ಏರುವಾಗ ನಿಧಾನವಾಗಿ ಉದ್ದಕ್ಕೆ ಉಸಿರು ಬಿಡಿ. ಮಧ್ಯಾಹ್ನದ ಮೇಲೆ ಕಾಫಿ ಬೇಡ. ತೂಕ ಜಾಸ್ತಿ ಇದ್ದರೆ ಇಳಿಸಿದಷ್ಟೂ ಕಾವು ಕಡಿಮೆಯಾಗುತ್ತದೆ. ವಾಕಿಂಗ್‌ನಿಂದ ಈ ಕಾವು (ಹಾಟ್ ಫ್ಲಾಶ್) ನಿಂತೇ ಹೋಗುತ್ತದೆ ಅಂತ ನಾನು ಹೇಳುವುದಿಲ್ಲ, ಆದರೆ ನಿದ್ದೆಗೆ, ಮನಸ್ಸಿಗೆ, ಮೂಳೆಗೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ.

ಮೂಳೆಯ ಮಾತು ಬಂತಲ್ಲ. ಈಸ್ಟ್ರೋಜೆನ್ ಇಳಿದ ಮೊದಲ ಕೆಲವು ವರ್ಷ ಮೂಳೆ ಬಹಳ ಬೇಗ ಸವೆಯುತ್ತದೆ. ಮುಟ್ಟು ನಿಂತವರಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು ಅನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್). ನಮ್ಮ ರಾಗಿಯಲ್ಲಿ 100 ಗ್ರಾಂಗೆ 350 ಮಿಲಿಗ್ರಾಂನಷ್ಟಿದೆ. ಒಂದು ಸಾಧಾರಣ ಮುದ್ದೆ, ಎರಡು ಲೋಟ ಹಾಲು ಅಥವಾ ಮೊಸರು, ಪಲ್ಯಕ್ಕೆ ಒಂದು ಚಮಚ ಹುರಿದ ಎಳ್ಳುಪುಡಿ, ಜೊತೆಗೆ ಸೊಪ್ಪು ಇದ್ದರೆ ಬಹುಪಾಲು ಆಯಿತು. ಮಕ್ಕಳಿಗೆ, ಗಂಡನಿಗೆ ಹಾಲು ಬಗ್ಗಿಸಿ ತಾವು ಬರೀ ಡಿಕಾಕ್ಷನ್ ಕುಡಿಯುವ ತಾಯಂದಿರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಆ ಲೋಟ ಹಾಲು ಈಗ ನಿಮಗೂ ಬೇಕು.

ಇಷ್ಟು ಮಾಡಿದರೂ ಪಾಠ ಮಾಡಲಾಗದಷ್ಟು, ಮಲಗಲಾಗದಷ್ಟು ಕಾಟ ಇದ್ದರೆ ಹಲ್ಲು ಕಚ್ಚಿಕೊಂಡು ಸಹಿಸಬೇಡಿ. ಔಷಧ ಇದೆ. ಕಾವಿಗೆ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಹಾರ್ಮೋನ್ ಚಿಕಿತ್ಸೆ. ‘ಅದರಿಂದ ಕ್ಯಾನ್ಸರ್ ಬರುತ್ತಂತೆ’ ಅಂತ ಎಲ್ಲರೂ ಹೆದರುತ್ತಾರೆ. ಆ ಹೆದರಿಕೆ ಹಬ್ಬಿದ್ದು 2002ರಲ್ಲಿ, ಅಮೆರಿಕದ ‘ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್’ ಅಧ್ಯಯನದಿಂದ. ಎರಡು ಹಾರ್ಮೋನು ಸೇರಿಸಿ ತೆಗೆದುಕೊಂಡವರಲ್ಲಿ ವರ್ಷಕ್ಕೆ 10,000 ಜನರಿಗೆ ಸುಮಾರು 8 ಸ್ತನ ಕ್ಯಾನ್ಸರ್ ಹೆಚ್ಚು ಕಂಡವು. ಆದರೆ ಅಲ್ಲಿದ್ದವರ ಸರಾಸರಿ ವಯಸ್ಸು 63. ಅರವತ್ತರ ಒಳಗಿದ್ದು, ಮುಟ್ಟು ನಿಂತು ಹತ್ತು ವರ್ಷ ದಾಟಿರದ, ಬೇರೆ ಕಾಯಿಲೆ ಇಲ್ಲದ ಹೆಂಗಸರಿಗೆ ಲಾಭವೇ ಹೆಚ್ಚು ಅನ್ನುವುದು ಈಗ ತಜ್ಞರ ಅಭಿಪ್ರಾಯ. ಸ್ತನ ಕ್ಯಾನ್ಸರ್ ಆಗಿದ್ದವರಿಗೆ, ಪಾರ್ಶ್ವವಾಯು ಅಥವಾ ಹೃದಯಾಘಾತ ಆಗಿದ್ದವರಿಗೆ, ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ, ಕಾರಣ ತಿಳಿಯದ ರಕ್ತಸ್ರಾವ ಇದ್ದವರಿಗೆ ಇದು ಬೇಡ. ಅವರಿಗೆ ಹಾರ್ಮೋನು ಇಲ್ಲದ ಮಾತ್ರೆಗಳಿವೆ. ಗರ್ಭಕೋಶ ಇರುವವರು ಈಸ್ಟ್ರೋಜೆನ್ ಒಂದನ್ನೇ ತೆಗೆದುಕೊಳ್ಳಬಾರದು, ಜೊತೆಗೆ ಪ್ರೊಜೆಸ್ಟರಾನ್ ಅನ್ನುವ ಇನ್ನೊಂದು ಹಾರ್ಮೋನು ಇರಲೇಬೇಕು. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತೆಗೆದುಕೊಳ್ಳುವ ಔಷಧ ಇದಲ್ಲ.

ಪ್ರಶ್ನೆ: ನಾನು 48ರ ಗೃಹಿಣಿ, ಗದಗ ಹತ್ತಿರದ ಊರು. ಮೂರು ತಿಂಗಳಿಂದ ಹತ್ತು ಹನ್ನೆರಡು ದಿನ ಮುಟ್ಟು ಹೋಗುತ್ತಿದೆ, ಗಡ್ಡೆ ಗಡ್ಡೆಯಾಗಿ. ಒಬ್ಬ ಡಾಕ್ಟರು ‘ಹೆಂಗೂ ಮಕ್ಕಳಾಗಿವೆ, ಗರ್ಭಚೀಲ ತೆಗೆಸಿಬಿಡಿ’ ಅಂದರು. ಅಕ್ಕಂದಿರು ‘ಮುಟ್ಟು ನಿಲ್ಲೋ ಮುಂಚೆ ಹಿಂಗೇ ಹೋಗ್ತದ, ತಡಕೋ’ ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರದ್ದೂ ಬೇಡ. ಮುಟ್ಟು ನಿಲ್ಲುವ ಮುಂಚೆ ಲೆಕ್ಕ ತಪ್ಪುವುದು ಸಹಜ. ಗಂಟೆಗೊಂದು ಪ್ಯಾಡ್ ನೆನೆಯುವುದು, ಗಡ್ಡೆ ಹೋಗುವುದು, ಎಂಟು ದಿನ ದಾಟಿದರೂ ನಿಲ್ಲದಿರುವುದು ಸಹಜವಲ್ಲ. ಗರ್ಭಕೋಶದಲ್ಲಿ ಬೆಳೆದ ಗಡ್ಡೆಯೋ (ಫೈಬ್ರಾಯ್ಡ್), ಪಾಲಿಪ್ ಅನ್ನುವ ಸಣ್ಣ ಬೆಳವಣಿಗೆಯೋ, ಥೈರಾಯ್ಡೋ, ಗರ್ಭಕೋಶದ ಒಳಪದರ ದಪ್ಪವಾಗಿದೆಯೋ ನೋಡಬೇಕು. ಅದಕ್ಕೆ ಸ್ಕ್ಯಾನ್, ರಕ್ತ ಪರೀಕ್ಷೆ, ನಿಮ್ಮ ವಯಸ್ಸಿಗೆ ಒಳಪದರದ ಚೂರು ತೆಗೆದು ಬಯಾಪ್ಸಿ ಬೇಕು. ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ರಕ್ತ ಕಡಿಮೆ ಅಂತ ಅರ್ಥ. ಎಂಟು, ಏಳಕ್ಕೆ ಇಳಿದರೂ ಹೊಲದ ಕೆಲಸ ಮಾಡುತ್ತಲೇ ಬರುವವರನ್ನು ನಾನು ನೋಡಿದ್ದೇನೆ. ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತಿದೆಯೇ? ಹಾಗಿದ್ದರೆ ಈ ವಾರವೇ ಹೋಗಿ.

ಆಪರೇಷನ್ ಒಂದೇ ದಾರಿಯಲ್ಲ. ರಕ್ತ ಹೋಗುವುದನ್ನು ಕಡಿಮೆ ಮಾಡುವ ಮಾತ್ರೆಗಳಿವೆ. ಗರ್ಭಕೋಶದೊಳಗೆ ಇಡುವ, ಹಾರ್ಮೋನು ಬಿಡುವ ಚಿಕ್ಕ ಸಾಧನ ಇದೆ. ಎಷ್ಟೋ ಜನರಿಗೆ ಅದೊಂದರಲ್ಲೇ ಮುಟ್ಟು ನಿಲ್ಲುವ ಕಾಲದವರೆಗೂ ನೆಮ್ಮದಿ ಸಿಗುತ್ತದೆ. ನಮ್ಮ ದೇಶದಲ್ಲಿ ಬೇಡದ ಗರ್ಭಕೋಶ ಆಪರೇಷನ್‌ಗಳು ಎಷ್ಟಾಗಿದ್ದವೆಂದರೆ, ಅದನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿಯನ್ನೇ ತರಬೇಕಾಯಿತು. ಎಲ್ಲ ರಾಜ್ಯಗಳೂ ಅದನ್ನು ಪಾಲಿಸಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಜಿಲ್ಲಾ ಆಸ್ಪತ್ರೆಯಲ್ಲೋ ಮೆಡಿಕಲ್ ಕಾಲೇಜಿನಲ್ಲೋ ಇನ್ನೊಬ್ಬರ ಅಭಿಪ್ರಾಯ ಕೇಳುವುದು ನಿಮ್ಮ ಹಕ್ಕು. ಕೊನೆಗೆ ಆಪರೇಷನ್ನೇ ಬೇಕಾಯಿತು ಅಂತಿಟ್ಟುಕೊಳ್ಳಿ, ಆಗ ಒಂದು ಪ್ರಶ್ನೆ ಮರೆಯದೆ ಕೇಳಿ: ‘ಅಂಡಾಶಯ ಉಳಿಸುತ್ತೀರಾ, ತೆಗೆಯುತ್ತೀರಾ? ತೆಗೆಯುವುದಾದರೆ ಯಾಕೆ?’ ಎರಡೂ ಅಂಡಾಶಯ ತೆಗೆದರೆ ಮೆನೋಪಾಸ್ ರಾತ್ರೋರಾತ್ರಿ ಬರುತ್ತದೆ, ಕಾವೂ ಜೋರಾಗಿರುತ್ತದೆ.

ಪ್ರಶ್ನೆ: 54 ವರ್ಷ. ಮುಟ್ಟು ನಿಂತು ಮೂರು ವರ್ಷವಾಯಿತು. ಕಳೆದ ವಾರ ಎರಡು ದಿನ ಸ್ವಲ್ಪ ಕಲೆ ಕಾಣಿಸಿತು, ತಾನಾಗೇ ನಿಂತಿತು. ಬಿಡಬಹುದಾ?

ಉತ್ತರ: ಬಿಡಬಾರದು. ಒಂದೇ ಹನಿ ಕಂಡರೂ, ಬರೀ ಕಂದು ಕಲೆಯಾದರೂ ತೋರಿಸಲೇಬೇಕು. ಹೆಚ್ಚಿನ ಸಲ ಒಳಗಿನ ಚರ್ಮ ತೆಳುವಾಗಿ ಒಣಗಿದ್ದರಿಂದ ಹೀಗಾಗಿರುತ್ತದೆ, ಸುಲಭದಲ್ಲಿ ವಾಸಿಯಾಗುತ್ತದೆ. ಆದರೆ ಹೀಗೆ ಬರುವ ಹತ್ತು ಜನರಲ್ಲಿ ಸುಮಾರು ಒಬ್ಬರಿಗೆ ಗರ್ಭಕೋಶದ ಕ್ಯಾನ್ಸರ್ ಇರುತ್ತದೆ. ಬೇಗ ಸಿಕ್ಕರೆ ಪೂರ್ತಿ ಗುಣವಾಗುವ ಕ್ಯಾನ್ಸರ್ ಅದು. ಒಳಗಿನಿಂದ ಮಾಡುವ ಸ್ಕ್ಯಾನ್‌ನಲ್ಲಿ ಒಳಪದರ 4 ಮಿಲಿಮೀಟರ್‌ಗಿಂತ ದಪ್ಪ ಇದ್ದರೆ ಬಯಾಪ್ಸಿ ಮಾಡುತ್ತಾರೆ. ಮಗಳ ಪರೀಕ್ಷೆ ಮುಗಿಯಲಿ, ಹಬ್ಬ ಕಳೆಯಲಿ ಅಂತ ಮುಂದೂಡಬೇಡಿ.

ಪ್ರಶ್ನೆ: ನನ್ನ ಹೆಂಡತಿಗೆ 49. ಮೊದಲು ನಗುನಗುತ್ತಾ ಇದ್ದವಳು ಈಗ ಸಣ್ಣ ಮಾತಿಗೂ ರೇಗುತ್ತಾಳೆ, ಒಬ್ಬಳೇ ಕೂತು ಅಳುತ್ತಾಳೆ. ಹತ್ತಿರ ಹೋದರೆ ದೂರ ತಳ್ಳುತ್ತಾಳೆ. ನಾನೇನು ತಪ್ಪು ಮಾಡಿದೆ ಅಂತ ತಿಳಿಯುತ್ತಿಲ್ಲ. ಶಿವಮೊಗ್ಗದವನು.

ಉತ್ತರ: ನೀವು ಕೇಳಿದ್ದಕ್ಕೇ ನನಗೆ ಸಂತೋಷವಾಯಿತು. ಈ ವಿಷಯಕ್ಕೆ ಗಂಡಸರಿಂದ ನನಗೆ ಪತ್ರ ಬರುವುದೇ ಅಪರೂಪ.

ಬಹುಶಃ ನಿಮ್ಮ ತಪ್ಪೇನೂ ಇಲ್ಲ, ಅವರದ್ದೂ ಇಲ್ಲ. ತಿಂಗಳುಗಟ್ಟಲೆ ನಿದ್ದೆ ಇಲ್ಲದಿದ್ದರೆ ಯಾರಿಗಾದರೂ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ದೂರ ತಳ್ಳುವುದಕ್ಕೆ ಅವರು ಬಾಯಿಬಿಟ್ಟು ಹೇಳಲಾಗದ ಕಾರಣ ಇರಬಹುದು. ಈ ವಯಸ್ಸಿನಲ್ಲಿ ಒಳಗೆ ಒಣಗಿ, ಕೂಡುವಾಗ ಉರಿ, ನೋವು ಆಗುತ್ತದೆ. ಅದನ್ನು ಗಂಡನಿಗೆ ಹೇಳುವ ಹೆಂಗಸರು ಕಡಿಮೆ. ಸುಮ್ಮನೆ ಪಕ್ಕಕ್ಕೆ ತಿರುಗಿ ಮಲಗುತ್ತಾರೆ. ‘ನೋವಾಗುತ್ತಾ?’ ಅಂತ ನೀವೇ ಮೆತ್ತಗೆ ಕೇಳಿ. ಇದಕ್ಕೆ ಜೆಲ್ ಇದೆ. ಡಾಕ್ಟರು ಬರೆದುಕೊಡುವ ಈಸ್ಟ್ರೋಜೆನ್ ಕ್ರೀಮ್ ಇದೆ, ಒಳಗೆ ಹಚ್ಚುವಂಥದ್ದು. ಅದು ಮೈಗೆ ಸೇರುವುದು ಬಹಳ ಕಡಿಮೆ. ಪದೇ ಪದೇ ಉರಿಮೂತ್ರ ಬರುತ್ತಿದ್ದರೆ ಅದಕ್ಕೂ ಒಳ್ಳೆಯದು.

‘ಎಲ್ಲರಿಗೂ ಆಗುತ್ತೆ, ನಿಂದೇನು ದೊಡ್ಡದು’ ಅನ್ನುವ ಮಾತು ಮಾತ್ರ ಬೇಡ. ರಾತ್ರಿ ಫ್ಯಾನ್ ಹಾಕಿದರೆ ಹಾಕಲಿ, ನೀವು ದಪ್ಪ ರಗ್ಗು ಹೊದ್ದುಕೊಳ್ಳಿ. ಬೆಳಗ್ಗೆ ಅವರು ಇನ್ನರ್ಧ ಗಂಟೆ ಮಲಗುವಂತೆ ಕಾಫಿ, ತಿಂಡಿ ನೀವು ನೋಡಿಕೊಳ್ಳಿ. ಸಂಜೆ ಜೊತೆಗೆ ವಾಕಿಂಗ್ ಹೋಗಿ.

ಎರಡು ವಾರಕ್ಕಿಂತ ಹೆಚ್ಚು ಕಾಲ ದಿನವಿಡೀ ಮಂಕಾಗಿದ್ದರೆ, ಊಟ ಬಿಟ್ಟರೆ, ‘ನಾನಿದ್ದು ಏನು ಪ್ರಯೋಜನ’ ಅನ್ನತೊಡಗಿದರೆ ಅದು ಬರೀ ಸಿಡುಕಲ್ಲ, ಖಿನ್ನತೆ. ಮೊದಲು ಒಮ್ಮೆ ಖಿನ್ನತೆ ಆಗಿದ್ದವರಿಗೆ, ಬಾಣಂತನದಲ್ಲಿ ಮನಸ್ಸು ಕುಗ್ಗಿದ್ದವರಿಗೆ ಈ ಕಾಲದಲ್ಲಿ ಅದು ಮರಳುವುದು ಹೆಚ್ಚು. ಚಿಕಿತ್ಸೆಯಿಂದ ಗುಣವಾಗುತ್ತದೆ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕಾಸಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮೊದಲ ಸಲ ನೀವೇ ಮಾಡಿ ಕೇಳಬಹುದು. ಆಸ್ಪತ್ರೆಗೆ ಹೋಗುವಾಗ ‘ನೀನು ಹೋಗಿ ಬಾ’ ಅನ್ನಬೇಡಿ, ಜೊತೆಗೆ ಹೋಗಿ. ಆದರೆ ಒಳಗೆ ಡಾಕ್ಟರ ಹತ್ತಿರ ಐದು ನಿಮಿಷ ಅವರೊಬ್ಬರೇ ಮಾತಾಡಲು ಬಿಟ್ಟು ನೀವು ಹೊರಗೆ ಕೂತಿರಿ.