ಮೈದಾನದ ಪ್ರಶ್ನೆ: ಹಿಂದೆ ಕೂತು ಆಡುವವರ ಕೋಟೆ ಒಡೆಯುವುದು ಹೇಗೆ?

ಪ್ರಶ್ನೆ: ಬರುವ ಶನಿವಾರ ಪಕ್ಕದ ಕಾಲೇಜಿನ ಜತೆ ನಮ್ಮ ಫುಟ್‌ಬಾಲ್ ಫೈನಲ್. ಕಳೆದ ಎರಡು ಸಲವೂ ಅವರು ಒಬ್ಬನನ್ನು ಮಾತ್ರ ಮುಂದೆ ಬಿಟ್ಟು, ಉಳಿದವರೆಲ್ಲ ಹಿಂದೆ ಕೂತು, ಒಂದೇ ಪ್ರತಿದಾಳಿಯಲ್ಲಿ ಗೋಲು ಹೊಡೆದು ಗೆದ್ದರು. ಚೆಂಡು ಹೆಚ್ಚು ಹೊತ್ತು ನಮ್ಮ ಕಾಲಲ್ಲೇ ಇತ್ತು. ನಮ್ಮ ಸ್ಟ್ರೈಕರ್ ಮತ್ತೆ ಮತ್ತೆ ಆಫ್‌ಸೈಡ್ ಆಗುತ್ತಾನೆ. ಆರು ದಿನದಲ್ಲಿ ಏನು ಸರಿಪಡಿಸಬಹುದು?
— ತಂಡದ ನಾಯಕ, ಬದಿಯಡ್ಕ

ಉತ್ತರ: ಆಫ್‌ಸೈಡಿನಿಂದಲೇ ಶುರು ಮಾಡಿ: ಸಂಗಡಿಗ ಪಾಸ್ ಕೊಡುವಾಗ ಎದುರಾಳಿಯ ಅರ್ಧದಲ್ಲಿ, ಚೆಂಡಿಗಿಂತಲೂ ಅವರ ಕೊನೆಯಿಂದ ಎರಡನೆಯ ಆಟಗಾರನಿಗಿಂತಲೂ ಗೋಲಿಗೆ ಹತ್ತಿರ ನಿಂತು ಆಡುವ ತಪ್ಪು ಅದು. ನಿಮ್ಮ ಸ್ಟ್ರೈಕರ್ ಸೆವೆನ್ಸ್ (ತಂಡಕ್ಕೆ ಏಳೇ ಮಂದಿಯ ಫುಟ್‌ಬಾಲ್) ಆಡಿ ಬೆಳೆದವನಾಗಿದ್ದರೆ ಕಾರಣ ಅಲ್ಲೇ ಇದೆ. ನಮ್ಮ ಕಡೆಯ ಸೆವೆನ್ಸಿನಲ್ಲಿ ಆಫ್‌ಸೈಡ್ ಇಲ್ಲ; ಗೋಲಿಯ ಪಕ್ಕ ಕಾದು ನಿಂತರೂ ತಪ್ಪಲ್ಲ. ಹನ್ನೊಂದು ಮಂದಿಯ ಆಟದಲ್ಲಿ ಆ ಅಭ್ಯಾಸವೇ ಮುಳುವು. ಇಲ್ಲಿ ಲೆಕ್ಕಕ್ಕೆ ಬರುವುದು ಸಂಗಡಿಗನ ಕಾಲು ಚೆಂಡಿಗೆ ತಾಗಿದ ಕ್ಷಣ, ಚೆಂಡು ನಿಮ್ಮ ಹುಡುಗನನ್ನು ತಲುಪುವ ಕ್ಷಣವಲ್ಲ. ಅವನು ಸ್ಟಾಪರ್‌ನ (ನಡುವಿನ ಡಿಫೆಂಡರ್‌ನ) ಹೆಗಲಿಗಿಂತ ಒಂದು ಹೆಜ್ಜೆ ಈಚೆಗೆ ನಿಲ್ಲಲಿ, ಮೈಯನ್ನು ಅರ್ಧ ತಿರುಗಿಸಿ ಚೆಂಡನ್ನೂ ಡಿಫೆಂಡರ್‌ಗಳ ಗೆರೆಯನ್ನೂ ಒಟ್ಟಿಗೆ ನೋಡಲಿ. ಮೊದಲ ಮೂರು ಹೆಜ್ಜೆ ಅಡ್ಡಕ್ಕೆ ಓಡಿ, ಪಾಸ್ ಹೊರಟ ಮೇಲೆ ನೇರಕ್ಕೆ ತಿರುಗಲಿ. ನಾಲ್ಕು ಕೋನ್ ಸಾಲಾಗಿಟ್ಟು ದಿನಕ್ಕೆ ಇಪ್ಪತ್ತು ಸಲ ಮಾಡಿಸಿದರೆ ಸಾಕು.

ಆದರೆ ನಿಮ್ಮ ನಿಜವಾದ ತೊಂದರೆ ಸ್ಟ್ರೈಕರ್ ಅಲ್ಲ, ಚೆಂಡಿನ ವೇಗ. ನಾಲ್ವರ ಎರಡು ಸಾಲು ಹಾಕಿ ಕೂತ ತಂಡ ಚೆಂಡಿದ್ದ ಕಡೆಗೆ ಒಟ್ಟಾಗಿ ಸರಿಯುತ್ತದೆ. ಎಡದಿಂದ ಬಲಕ್ಕೆ ಚೆಂಡು ತಲುಪಿಸಲು ನೀವು ಆರೇಳು ಪಾಸ್ ತೆಗೆದುಕೊಂಡರೆ ಅಷ್ಟರಲ್ಲಿ ಅವರು ಬಂದು ನಿಂತಿರುತ್ತಾರೆ. ಮೂರೇ ಪಾಸಿನಲ್ಲಿ, ಒಬ್ಬೊಬ್ಬರಿಗೆ ಎರಡೇ ಸ್ಪರ್ಶದಲ್ಲಿ ದಾಟಿಸಿ. ಎರಡು ಬದಿಯ ದಾಳಿಗಾರರಾದ ವಿಂಗರ್‌ಗಳಿಬ್ಬರೂ ಮೈದಾನದ ಪಕ್ಕದ ಗೆರೆಯಾದ ಟಚ್‌ಲೈನಿಗೆ ಅಂಟಿಕೊಂಡೇ ಇರಬೇಕು. ಮೈದಾನದ ಅಗಲ 60 ಮೀಟರ್ ಇದ್ದರೂ ನಾಲ್ಕು ಡಿಫೆಂಡರ್‌ಗಳಿಂದ ಅದನ್ನು ಮುಚ್ಚಲಾಗದು. ವಿಂಗರ್‌ಗೆ ಚೆಂಡು ಸಿಕ್ಕಿತೆಂದರೆ ಫುಲ್‌ಬ್ಯಾಕ್ (ಬದಿಯ ಡಿಫೆಂಡರ್) ಹೊರಗೆ ಬರಲೇಬೇಕು. ಆಗ ಅವನಿಗೂ ಸ್ಟಾಪರ್‌ಗೂ ನಡುವೆ ಒಂದು ಕಂಡಿ ಬೀಳುತ್ತದೆ.

ಆ ಕಂಡಿಗೆ ಸ್ಟ್ರೈಕರ್ ನುಗ್ಗಬಾರದು, ಮಿಡ್‌ಫೀಲ್ಡರ್ ನುಗ್ಗಬೇಕು. ಸ್ಟ್ರೈಕರ್ ಮೇಲೆ ಎಲ್ಲರ ಕಣ್ಣಿರುತ್ತದೆ. ಹಿಂದಿನಿಂದ ಓಡಿ ಬರುವವನನ್ನು ಕಾಯುವವರು ಕಡಿಮೆ, ಅವನು ಆಫ್‌ಸೈಡ್ ಆಗುವುದೂ ಅಪರೂಪ. ಅವನು ಚೆಂಡನ್ನು ಗೋಲ್‌ಲೈನ್ ಹತ್ತಿರ ಒಯ್ದು, ತಲೆ ಎತ್ತಿ, ನೆಲದ ಮೇಲೆಯೇ ಹಿಂದಕ್ಕೆ ಕೊಡಬೇಕು. ನಿಮ್ಮವರು ಚೆಂಡಿಗಿಂತ ಹಿಂದೆ ಇರುವವರೆಗೆ ಆಫ್‌ಸೈಡಿನ ಮಾತೇ ಇಲ್ಲ. ತಮ್ಮ ಗೋಲಿನತ್ತ ಓಡುತ್ತಿರುವ ಡಿಫೆಂಡರ್‌ಗೆ ಬೆನ್ನ ಹಿಂದಿನವರು ಕಾಣುವುದೂ ಇಲ್ಲ. ಈ ಒಂದು ಚಲನೆಯನ್ನು ಚೆನ್ನಾಗಿ ಕಲಿತರೆ ನೂರು ಎತ್ತರದ ಕ್ರಾಸ್‌ಗಿಂತ ಮೇಲು.

ಇದು ಕೆಡುವುದು ಗೋಲಿನ ಮುಂದಿನ ಪೆನಾಲ್ಟಿ ಬಾಕ್ಸಿನೊಳಗೆ. ದಾಳಿಗೆ ಬಂದ ಮೂವರೂ ಗೋಲಿನ ಹತ್ತಿರದ ಕಂಬಕ್ಕೇ ಓಡುತ್ತಾರೆ. ಓಡಬೇಕಾದವನು ಸ್ಟ್ರೈಕರ್ ಮಾತ್ರ. ಅವನು ಸ್ಟಾಪರ್‌ಗಳನ್ನು ಎಳೆದುಕೊಂಡು ಹೋಗಲಿ. ಎರಡನೆಯವನು 11 ಮೀಟರಿನ ಪೆನಾಲ್ಟಿ ಬಿಂದುವಿನ ಹತ್ತಿರ ಓಟ ತಡೆದು ನಿಲ್ಲಲಿ. ಮೂರನೆಯವನು ಬಾಕ್ಸಿನ ಅಂಚಿನಲ್ಲಿ, ಹೊರಬೀಳುವ ಚೆಂಡಿಗೆ.

ಇನ್ನು ಪ್ರತಿದಾಳಿ. ಎರಡೂ ಫುಲ್‌ಬ್ಯಾಕ್‌ಗಳು ಒಟ್ಟಿಗೆ ಮೇಲೆ ಹೋಗಕೂಡದು. ಬಲದವನು ಹೋದರೆ ಎಡದವನು ಒಳಗೆ ಸರಿದು ಸ್ಟಾಪರ್‌ಗಳ ಜತೆ ಮೂರನೆಯವನಾಗಬೇಕು, ಅವರ ಮುಂದೆ ಒಬ್ಬ ಮಿಡ್‌ಫೀಲ್ಡರ್ ಉಳಿಯಬೇಕು. ಒಬ್ಬ ಸ್ಟಾಪರ್ ಅವರ ಒಂಟಿ ಸ್ಟ್ರೈಕರ್‌ಗೆ ತೋಳಿನಷ್ಟು ದೂರದಲ್ಲಿ, ಇನ್ನೊಬ್ಬ ಎಂಟು ಹತ್ತು ಮೀಟರ್ ಹಿಂದೆ. ಚೆಂಡು ಕಳೆದ ಕೂಡಲೇ ಹತ್ತಿರದ ಇಬ್ಬರು ಐದು ಸೆಕೆಂಡ್ ಕಾಲ ಎದುರಾಳಿಯ ಮೇಲೆ ಬೀಳಲಿ, ಸಿಗದಿದ್ದರೆ ಹಿಂದಕ್ಕೆ.

ಸೆವೆನ್ಸಿನ ಅಭ್ಯಾಸ ಉಪಯೋಗಕ್ಕೆ ಬರುವ ಜಾಗವೂ ಇದೆ. ಕಾರ್ನರ್, ಥ್ರೋ‌ಇನ್, ಗೋಲ್‌ಕಿಕ್‌ನಿಂದ ನೇರವಾಗಿ ಬಂದ ಚೆಂಡಿಗೆ ಆಫ್‌ಸೈಡ್ ಇಲ್ಲ. ಅವರ ಬಾಕ್ಸಿನ ಹತ್ತಿರ ಥ್ರೋ ಸಿಕ್ಕರೆ ನಿಮ್ಮ ಸ್ಟ್ರೈಕರ್ ಬೇಕಾದಲ್ಲಿ ನಿಲ್ಲಲಿ, ಗೆರೆಯ ಆಚೆಗೂ. ಅವನು ಚೆಂಡನ್ನು ಇನ್ನೊಬ್ಬನಿಗೆ ತಟ್ಟಿದ ಮೇಲೆ ಮಾತ್ರ ನಿಯಮ ಮತ್ತೆ ಜೀವ ಪಡೆಯುತ್ತದೆ, ಇದನ್ನು ಎಲ್ಲರಿಗೂ ಹೇಳಿಡಿ.

ಮೈದಾನ ಮುರಕಲ್ಲಿನ ಗಟ್ಟಿ ನೆಲವಾಗಿದ್ದರೆ ಚೆಂಡು ವಿಪರೀತ ಪುಟಿಯುತ್ತದೆ. ನಿಯಮ 0.6ರಿಂದ 1.1 ವಾತಾವರಣದಷ್ಟು ಒತ್ತಡಕ್ಕೆ ಅವಕಾಶ ಕೊಟ್ಟಿದೆ. ಪಂದ್ಯದ ಚೆಂಡಿನಲ್ಲಿ ಎಷ್ಟು ಗಾಳಿ ಹಾಕುತ್ತಾರೆಂದು ಸಂಘಟಕರಲ್ಲಿ ಕೇಳಿ, ಅಭ್ಯಾಸಕ್ಕೂ ಅಷ್ಟೇ ತುಂಬಿಸಿ.

ಸೋಮವಾರ, ಮಂಗಳವಾರ ಒಂದೂವರೆ ತಾಸು ದುಡಿಸಿ: ಎಂಟು ಮಂದಿಯ ದಾಳಿ, ಆರು ಮಂದಿಯ ರಕ್ಷಣೆ, ಎರಡೇ ಸ್ಪರ್ಶ. ಬುಧವಾರ ಮೀಸಲು ಆಟಗಾರರನ್ನು ಎದುರಾಳಿಯಂತೆ ಹಿಂದೆ ಕೂರಿಸಿ ಅರ್ಧ ತಾಸಿನ ಪಂದ್ಯ. ಗುರುವಾರ ಕಾರ್ನರ್, ಥ್ರೋ. ಶುಕ್ರವಾರ ಇಪ್ಪತ್ತೈದು ನಿಮಿಷದ ಹಗುರ ಓಟ ಸಾಕು. ಆ ದಿನ ಹೊಸದೇನನ್ನೂ ಕಲಿಸಬೇಡಿ.

ಪ್ರಶ್ನೆ: ಗಟ್ಟಿ ಮೈದಾನದಲ್ಲಿ ಆಡಿದ ಮೇಲೆ ಹಿಮ್ಮಡಿ ನೋಯುತ್ತದೆ. ಬೂಟು ಬದಲಿಸಬೇಕೇ?
— ಓದುಗ, ಕುಂಬಳೆ

ಉತ್ತರ: ಕೆಲವೇ ಉದ್ದ ಸ್ಟಡ್ ಇರುವ ಬೂಟು ಕೆಸರಿನ, ಮೆತ್ತನೆ ಹುಲ್ಲಿನ ನೆಲಕ್ಕೆ. ಗಟ್ಟಿ ಮಣ್ಣಿಗೆ ಸ್ಟಡ್ ಇಳಿಯುವುದಿಲ್ಲ, ಮೈಭಾರವೆಲ್ಲ ಆ ಕೆಲವೇ ಬಿಂದುಗಳ ಮೇಲೆ ಬೀಳುತ್ತದೆ. ಸಣ್ಣ ರಬ್ಬರ್ ಸ್ಟಡ್‌ಗಳು ತುಂಬ ಇರುವ ಟರ್ಫ್ ಬೂಟು ತೆಗೆದುಕೊಳ್ಳಿ. ಸಂಜೆ ಹೊತ್ತು, ಆಟದ ಸಾಕ್ಸ್ ಹಾಕಿಕೊಂಡೇ ಅಳತೆ ನೋಡಿ. ಬೆಳಗ್ಗೆ ಎದ್ದು ಇಡುವ ಮೊದಲ ಹೆಜ್ಜೆಗೇ ನೋವು ಹೆಚ್ಚಿದ್ದರೆ ಬೂಟು ಬದಲಿಸಿದರೆ ಸಾಲದು, ವೈದ್ಯರಿಗೆ ತೋರಿಸಿ.