ಪಿಯುಸಿ ಆದಮೇಲೆ ಎಕ್ಸ್‌ರೇ, ಸ್ಕ್ಯಾನಿಂಗ್ ಕೋರ್ಸ್ ಸೇರಬಹುದಾ? ಓದು ಹೇಗಿರುತ್ತದೆ, ರೇಡಿಯೇಷನ್ ಭಯ ನಿಜವಾ?

ನೀವು ಪಿಯುಸಿಯಲ್ಲಿ ಪಿಸಿಬಿ ಮುಗಿಸಿದ್ದೀರಿ. ನೀಟ್ ಕೈಹಿಡಿಯಲಿಲ್ಲ. ಬಿ.ಎಸ್ಸಿ ಮೆಡಿಕಲ್ ಇಮೇಜಿಂಗ್ ಟೆಕ್ನಾಲಜಿ ಸೇರಬೇಕು ಅಂತ ಮನಸ್ಸಿದೆ, ಆದರೆ ಮನೆಯಲ್ಲಿ "ಆ ಕಿರಣದ ಹತ್ತಿರ ಹೆಣ್ಣುಮಕ್ಕಳು ಇರಬಾರದು, ಮುಂದೆ ಮಕ್ಕಳಾಗಲ್ಲ" ಅಂತ ತಡೆಯುತ್ತಿದ್ದಾರೆ. ಜೊತೆಗೆ ಯಾವ ಕಾಲೇಜು ಒಳ್ಳೆಯದು ಅಂತ ಕೇಳಿದ್ದೀರಿ. ನಾನು ಇದೇ ಕೋರ್ಸ್ ಓದಿ ಈಗ ಒಂದು ಮೆಡಿಕಲ್ ಕಾಲೇಜು ಆಸ್ಪತ್ರೆಯ ಸಿಟಿ ಸ್ಕ್ಯಾನ್ ವಿಭಾಗದಲ್ಲಿದ್ದೇನೆ. ಹೊಸ ಹುಡುಗ ಹುಡುಗಿಯರಿಗೆ ಕೆಲಸ ಕಲಿಸುವುದೂ ನನ್ನ ಪಾಲಿಗೆ ಬಂದಿದೆ. ಸೇರಿ ಅಂತಲೇ ಹೇಳುತ್ತೇನೆ. ಆದರೆ ಕಾಲೇಜಿನ ಕಟ್ಟಡ ನೋಡಿ ಸೇರಬೇಡಿ. ಅದರ ಹಿಂದಿರುವ ಆಸ್ಪತ್ರೆ ನೋಡಿ ಸೇರಿ.

ಮೊದಲು ಮನೆಯವರ ಭಯದ ವಿಷಯ. ಎಕ್ಸ್‌ರೇ ಟ್ಯೂಬ್ ಕರೆಂಟ್ ಬಲ್ಬಿನ ಹಾಗೆ. ಸ್ವಿಚ್ ಒತ್ತಿದಾಗ ಕಿರಣ, ಬಿಟ್ಟರೆ ಇಲ್ಲ. ಕೋಣೆಯಲ್ಲಾಗಲಿ, ಬಟ್ಟೆಯಲ್ಲಾಗಲಿ, ಪೇಷಂಟ್ ಮೈಯಲ್ಲಾಗಲಿ ಏನೂ ಉಳಿಯುವುದಿಲ್ಲ. ಎದೆಯ ಎಕ್ಸ್‌ರೇ ಸೆಕೆಂಡಿನ ಸಣ್ಣ ಚೂರಿನಲ್ಲಿ ಮುಗಿಯುತ್ತದೆ. ಆ ಹೊತ್ತಿಗೆ ನಾವು ಸೀಸದ ತಡೆಯ ಹಿಂದೆ ನಿಂತಿರುತ್ತೇವೆ. ಸಿಟಿಯಲ್ಲಂತೂ ನಮ್ಮ ಕೋಣೆಯೇ ಬೇರೆ, ಮಧ್ಯೆ ಸೀಸದ ಗಾಜು.

ಇದನ್ನೆಲ್ಲ ಅಳೆಯುವ ವ್ಯವಸ್ಥೆಯೂ ಇದೆ. ನಮ್ಮ ದೇಶದಲ್ಲಿ ಇದರ ನಿಯಮ ಮಾಡುವುದು ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ಎಲ್ಲರ ಬಾಯಲ್ಲಿ ಎಇಆರ್‌ಬಿ. ಕೆಲಸ ಮಾಡುವವರಿಗೆ 5 ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ಬೀಳುವ ಕಿರಣದ ಅಳತೆ), ಯಾವುದೇ ಒಂದು ವರ್ಷದಲ್ಲಿ 30 ಮೀರಬಾರದು. ಹೋಲಿಸಿ ನೋಡಲು ಇನ್ನೊಂದು ಲೆಕ್ಕ: ಮಣ್ಣು, ಗಾಳಿ, ಆಕಾಶದಿಂದ ಭೂಮಿಯ ಮೇಲಿನ ಪ್ರತಿಯೊಬ್ಬರಿಗೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಸುಮ್ನೆ ಬರುತ್ತಲೇ ಇರುತ್ತದೆ. ನಮ್ಮ ಎದೆಯ ಮೇಲೆ ಟಿಎಲ್‌ಡಿ ಬ್ಯಾಡ್ಜ್ ಇರುತ್ತದೆ. ಮೂರು ತಿಂಗಳಿಗೊಮ್ಮೆ ಅದನ್ನು ಲ್ಯಾಬ್‌ಗೆ ಕಳಿಸಿ ಎಷ್ಟು ಬಿದ್ದಿದೆ ಅಂತ ನೋಡುತ್ತಾರೆ. ನಿಯಮದಂತೆ ಕೆಲಸ ಮಾಡುವವರ ವರದಿಯಲ್ಲಿ ಬರುವ ಅಂಕಿ ಮಿತಿಗಿಂತ ತುಂಬಾ ಕೆಳಗೆ ಇರುತ್ತದೆ. ಗರ್ಭಿಣಿಯಾದರೆ ವಿಭಾಗಕ್ಕೆ ತಿಳಿಸಬೇಕು. ಅಲ್ಲಿಂದ ಮುಂದೆ ಹೊಟ್ಟೆಯ ಮಗುವಿಗೆ 1 ಮಿಲಿಸೀವರ್ಟ್ ಮೀರದ ಹಾಗೆ ಡ್ಯೂಟಿ ಬದಲಿಸಬೇಕು. ಈ ಕೆಲಸ ಮಾಡುತ್ತಲೇ ಮಕ್ಕಳನ್ನು ಹೆತ್ತು ಬೆಳೆಸಿದ ಅಕ್ಕಂದಿರು ನಮ್ಮ ವಿಭಾಗದಲ್ಲೇ ಇದ್ದಾರೆ. ನಿಮ್ಮ ಅಮ್ಮನಿಗೆ ನನ್ನ ಅಂಕಿಗಳಿಗಿಂತ ಅವರ ಜೊತೆ ಹತ್ತು ನಿಮಿಷ ಮಾತಾಡಿಸಿದರೆ ಜಾಸ್ತಿ ಧೈರ್ಯ ಬರುತ್ತದೆ.

ಹಾಗಂತ ಎಲ್ಲ ಕಡೆ ಒಂದೇ ರೀತಿ ಅಲ್ಲ. ಆಪರೇಷನ್ ಥಿಯೇಟರ್‌ನ ಸಿ-ಆರ್ಮ್ (ಆಪರೇಷನ್ ನಡೆಯುವಾಗಲೇ ಎಕ್ಸ್‌ರೇ ತೋರಿಸುವ ಮೆಷಿನ್), ಕ್ಯಾಥ್‌ಲ್ಯಾಬ್ (ಹೃದಯದ ರಕ್ತನಾಳ ನೋಡುವ ಕೋಣೆ), ವಾರ್ಡಿನ ಪೋರ್ಟಬಲ್ ಮೆಷಿನ್, ಇಲ್ಲಿ ಎಚ್ಚರ ಬೇಕು. ಅಲ್ಲಿ ನಮ್ಮ ಮೇಲೆ ಬೀಳುವುದು ಬಹುಪಾಲು ಪೇಷಂಟ್ ಮೈಗೆ ಬಡಿದು ಚೆದುರಿ ಬರುವ ಕಿರಣ. ಎರಡರಷ್ಟು ದೂರ ಹೋದರೆ ಅದು ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಅಂದರೆ ಒಂದೆರಡು ಹೆಜ್ಜೆ ಹಿಂದೆ ಸರಿಯುವುದು ಪುಕ್ಕಟೆ ಸಿಗುವ ರಕ್ಷಣೆ. ಸೀಸದ ಏಪ್ರನ್ ಹಾಕಿ, ಬ್ಯಾಡ್ಜ್ ಅದರ ಒಳಗೆ ಇರಲಿ. ಏಪ್ರನ್ ಮಡಚಿ ಕುರ್ಚಿಯ ಮೇಲೆ ಎಸೆಯಬೇಡಿ, ಒಳಗೆ ಬಿರುಕು ಬಿಡುತ್ತದೆ, ಹೊರಗಿನಿಂದ ಕಾಣುವುದಿಲ್ಲ. ನಿಜ ಹೇಳಬೇಕೆಂದರೆ ನಮ್ಮಲ್ಲಿ ಹೆಚ್ಚಿನವರನ್ನು ಕಾಡುವುದು ರೇಡಿಯೇಷನ್ ಅಲ್ಲ. ಪೇಷಂಟ್‌ಗಳನ್ನು ಟ್ರಾಲಿಯಿಂದ ಟೇಬಲ್‌ಗೆ ಎತ್ತಿ ಎತ್ತಿ ಬರುವ ಬೆನ್ನುನೋವು, ಮುಖದ ಮೇಲೇ ಕೆಮ್ಮುವ ಟಿಬಿ ರೋಗಿಗಳು, ನೈಟ್ ಡ್ಯೂಟಿ. ಇದರ ಬಗ್ಗೆ ಮಾತ್ರ ಮನೆಯಲ್ಲಿ ಯಾರೂ ಕೇಳುವುದಿಲ್ಲ!

ಇನ್ನು ಓದು. ಕರ್ನಾಟಕದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಇದು 3 ವರ್ಷದ ಓದು, ಆಮೇಲೆ 1 ವರ್ಷ ಇಂಟರ್ನ್‌ಶಿಪ್. ಮೊದಲ ವರ್ಷ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ, ಪೆಥಾಲಜಿ, ಮೈಕ್ರೋಬಯಾಲಜಿ. "ಮೆಷಿನ್ ಮುಟ್ಟುವುದು ಯಾವಾಗ" ಅಂತ ಬೇಜಾರಾಗುತ್ತದೆ. ಅನಾಟಮಿಯಲ್ಲಿ ಮೂಳೆಗಳನ್ನು ಉರು ಹೊಡೆದು ಬಿಟ್ಟರೆ ಸಾಲದು, ಅವು ಚರ್ಮದ ಕೆಳಗೆ ಎಲ್ಲಿವೆ ಅಂತ ಕೈಯಲ್ಲಿ ಮುಟ್ಟಿ ಹುಡುಕಲು ಬರಬೇಕು. ಎರಡನೇ ವರ್ಷದಿಂದ ರೇಡಿಯೇಷನ್ ಫಿಸಿಕ್ಸ್, ಪೊಸಿಷನಿಂಗ್ (ಚಿತ್ರಕ್ಕೆ ತಕ್ಕ ಹಾಗೆ ಪೇಷಂಟ್‌ನನ್ನು ನಿಲ್ಲಿಸುವುದು, ಮಲಗಿಸುವುದು), ಆಮೇಲೆ ಸಿಟಿ, ಎಂಆರ್‌ಐ. ಬಯಾಲಜಿ ಇಷ್ಟ ಅಂತ ಬಂದವರು ಫಿಸಿಕ್ಸ್‌ನಲ್ಲೇ ಮುಗ್ಗರಿಸುವುದು. ಕೆವಿ (ಟ್ಯೂಬಿನ ವೋಲ್ಟೇಜ್) ಏರಿಸಿದರೆ ಕಿರಣ ಎಷ್ಟು ಒಳಗೆ ನುಗ್ಗುತ್ತದೆ, ಎಂಎಎಸ್ (ಟ್ಯೂಬಿನ ಕರೆಂಟ್ ಮತ್ತು ಸಮಯದ ಗುಣಲಬ್ಧ) ಏರಿಸಿದರೆ ಎಷ್ಟು ಕಿರಣ ಬರುತ್ತದೆ, ಇದು ತಲೆಗೆ ಹೋದರೆ ಉಳಿದದ್ದು ಕಷ್ಟ ಅಲ್ಲ.

ಒಂದು ಮಾತು ಇಲ್ಲೇ ಸ್ಪಷ್ಟ ಮಾಡುತ್ತೇನೆ. ರೇಡಿಯಾಲಜಿಸ್ಟ್ ಅಂದರೆ ಎಂಬಿಬಿಎಸ್ ಮೇಲೆ ಎಂಡಿ ಮಾಡಿದ ಡಾಕ್ಟರ್. ಚಿತ್ರ ನೋಡಿ ರಿಪೋರ್ಟ್ ಬರೆಯುವುದು ಅವರು. ಚಿತ್ರ ತೆಗೆಯುವುದು ನಾವು. ಟೇಬಲ್‌ನಿಂದ ಇಳಿಯುತ್ತಲೇ ಪೇಷಂಟ್ "ಏನಿದೆ ಸಾರ್?" ಅಂತ ಕೇಳುತ್ತಾರೆ. ನಮಗೆ ಕಂಡಿರುತ್ತದೆ, ಆದರೂ ಹೇಳುವಂತಿಲ್ಲ. ಅಲ್ಟ್ರಾಸೌಂಡ್ ಕೂಡ ನಮ್ಮ ಕೈಗೆ ಬರುವುದಿಲ್ಲ. 1994ರ ಭ್ರೂಣಲಿಂಗ ಪತ್ತೆ ತಡೆ ಕಾನೂನಿನಿಂದಾಗಿ ಇಲ್ಲಿ ಅದನ್ನು ಮಾಡುವುದು ಅರ್ಹ ಡಾಕ್ಟರುಗಳು ಮಾತ್ರ. ವಿದೇಶದ ವಿಡಿಯೋ ನೋಡಿ "ಸೋನೋಗ್ರಾಫರ್ ಆಗುತ್ತೇನೆ" ಅಂತ ಬಂದು ನಿರಾಸೆಯಾದವರನ್ನು ನೋಡಿದ್ದೇನೆ.

ನಿಜವಾದ ಕಲಿಕೆ ಎಲ್ಲಿ ಅಂದರೆ ಎದೆಯ ಎಕ್ಸ್‌ರೇಯಲ್ಲಿ. ಅದು ಎಲ್ಲಕ್ಕಿಂತ ಸುಲಭ ಅಂತ ಅನ್ನಿಸುತ್ತದೆ. ನನ್ನ ಪ್ರಕಾರ ಒಬ್ಬ ಟೆಕ್ನಾಲಜಿಸ್ಟ್‌ನ ಕೆಲಸ ಹೇಗಿದೆ ಅಂತ ತಿಳಿಯಲು ಅವನು ತೆಗೆದ ಒಂದಷ್ಟು ಚೆಸ್ಟ್ ಎಕ್ಸ್‌ರೇ ನೋಡಿದರೆ ಸಾಕು. ಪೇಷಂಟ್ ಎದೆಯನ್ನು ಚಿತ್ರ ಹಿಡಿಯುವ ಫಲಕಕ್ಕೆ, ಅಂದರೆ ಡಿಟೆಕ್ಟರ್‌ಗೆ ಒತ್ತಿ ನಿಲ್ಲಬೇಕು, ಟ್ಯೂಬ್ ಬೆನ್ನ ಹಿಂದೆ 180 ಸೆಂ.ಮೀ. ದೂರದಲ್ಲಿ. ಯಾಕೆ? ಹೃದಯ ಎದೆಯ ಮುಂಭಾಗದಲ್ಲಿದೆ. ಅದು ಡಿಟೆಕ್ಟರ್‌ಗೆ ಹತ್ತಿರ ಇದ್ದಷ್ಟೂ ನೆರಳು ಹಿಗ್ಗುವುದಿಲ್ಲ. ಹಾಸಿಗೆಯಲ್ಲಿ ಮಲಗಿಸಿ ಮುಂದಿನಿಂದ ತೆಗೆದ ಎಕ್ಸ್‌ರೇಯಲ್ಲಿ ಸರಿಯಾಗಿರುವ ಹೃದಯವೂ ದೊಡ್ಡದಾಗಿ ಕಾಣುತ್ತದೆ. ಕೈ ಸೊಂಟದ ಮೇಲೆ, ಭುಜ ಮುಂದಕ್ಕೆ ತಿರುಗಿಸಿ, ಇಲ್ಲವಾದರೆ ಹೆಗಲಮೂಳೆ ಶ್ವಾಸಕೋಶದ ಮೇಲೆ ಬಂದು ಕೂರುತ್ತದೆ. ಆಮೇಲೆ ಉಸಿರು. ಪೂರ್ತಿ ಎಳೆದು ಹಿಡಿಯಬೇಕು. ಅರ್ಧ ಉಸಿರಿನಲ್ಲಿ ತೆಗೆದರೆ ಶ್ವಾಸಕೋಶದ ಬುಡ ಬೆಳ್ಳಗೆ ಕಂಡು ನ್ಯುಮೋನಿಯಾ ಇರುವ ಹಾಗೆ ಅನ್ನಿಸುತ್ತದೆ. ಇಲ್ಲದ ಕಾಯಿಲೆಗೆ ಮಾತ್ರೆ ಶುರುವಾಗಬಹುದು, ಅಲ್ವಾ?

ಈಗ ಹೇಳಿ, "ಉಸಿರು ಹಿಡೀರಿ" ಅಂದರೆ ಅಜ್ಜಿಯೊಬ್ಬರು ಏನು ಮಾಡುತ್ತಾರೆ? ಇದ್ದ ಉಸಿರನ್ನೆಲ್ಲ ಬಿಟ್ಟು ಬಾಯಿ ಮುಚ್ಚಿ ನಿಲ್ಲುತ್ತಾರೆ. ಇಲ್ಲವೇ ಉಸಿರು ಎಳೆಯುವಾಗ ಭುಜವನ್ನೂ ಮೇಲಕ್ಕೆ ಎತ್ತುತ್ತಾರೆ. ಅದಕ್ಕೇ ಒಂದು ಸಲ ಎದುರಿಗೆ ನಿಂತು ನೀವೇ ಮಾಡಿ ತೋರಿಸಬೇಕು, ಅವರಿಂದ ಮಾಡಿಸಿ ನೋಡಬೇಕು, ಆಮೇಲೆ ಸ್ವಿಚ್. ಹುಬ್ಬಳ್ಳಿ ಕಡೆಯವರಿಗೆ "ಉಸಿರು ಮ್ಯಾಲೆ ಎಳಕೊಂಡು ಹಂಗ ಹಿಡೀರಿ" ಅಂದರೆ ಒಂದೇ ಸಲಕ್ಕೆ ತಿಳಿಯುತ್ತದೆ. ಜಡೆಯನ್ನೂ ನೋಡಿ. ಹೆಗಲ ಮೇಲೆ ಬಿದ್ದ ದಪ್ಪ ಜಡೆ ಶ್ವಾಸಕೋಶದ ತುದಿಯಲ್ಲಿ ನೆರಳು ಮೂಡಿಸುತ್ತದೆ. ಟಿಬಿ ಹೆಚ್ಚಾಗಿ ಕಾಣಿಸಿಕೊಳ್ಳುವ ಜಾಗವೂ ಅದೇ. ಜಡೆ ಮೇಲಕ್ಕೆ ಕಟ್ಟಿಸಿ. ಬಲ ಎಡದ ಗುರುತು ಹಾಕುವುದನ್ನು ಮರೆತರೆ ಏನಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

ಫಿಲ್ಮ್ ಕಾಲದಲ್ಲಿ ಡೋಸ್ ಜಾಸ್ತಿ ಆದರೆ ಫಿಲ್ಮೇ ಕಪ್ಪಾಗಿ ಬೈಯುತ್ತಿತ್ತು. ಈಗ ಡಿಜಿಟಲ್. ಬೇಕಾದ್ದಕ್ಕಿಂತ ಜಾಸ್ತಿ ಕಿರಣ ಕೊಟ್ಟರೂ ಕಂಪ್ಯೂಟರ್ ಸರಿಮಾಡಿ ಚಂದದ ಚಿತ್ರ ತೋರಿಸುತ್ತದೆ. ಇನ್ನೂ ಹೇಳಬೇಕೆಂದರೆ ಜಾಸ್ತಿ ಕೊಟ್ಟಷ್ಟೂ ಚಿತ್ರ ನುಣುಪಾಗಿ ಬರುತ್ತದೆ. ಅದರಿಂದ ಗೊತ್ತಿಲ್ಲದೆ ಡೋಸ್ ಏರುತ್ತಾ ಹೋಗುತ್ತದೆ. ಪ್ರತಿ ಚಿತ್ರದ ಮೂಲೆಯಲ್ಲಿ ಡಿಟೆಕ್ಟರ್‌ಗೆ ಎಷ್ಟು ಕಿರಣ ಬಿತ್ತು ಅಂತ ಹೇಳುವ ಎಕ್ಸ್‌ಪೋಷರ್ ಇಂಡೆಕ್ಸ್ ಅಂತ ಒಂದು ಅಂಕಿ ಬರುತ್ತದೆ. ಅದನ್ನು ನೋಡುವ ಅಭ್ಯಾಸ ಮೊದಲ ದಿನದಿಂದಲೇ ಇರಲಿ. ಅನೇಕರು ನೋಡುವುದೇ ಇಲ್ಲ.

ಸಿಟಿಯಲ್ಲಿ ಮೆಷಿನ್ನೇ "ಉಸಿರು ಎಳೆಯಿರಿ" ಅಂತ ಹೇಳುತ್ತದೆ, ಆದರೆ ಎಷ್ಟೋ ಕಡೆ ಇಂಗ್ಲಿಷ್‌ನಲ್ಲಿ. ನಮ್ಮ ದನಿಯನ್ನು ರೆಕಾರ್ಡ್ ಮಾಡಿ ಕನ್ನಡದಲ್ಲಿ ಹಾಕುವ ಸೌಲಭ್ಯ ಇರುತ್ತದೆ, ಮಾಡಿಕೊಳ್ಳಿ. ಕಾಂಟ್ರಾಸ್ಟ್ ಇಂಜೆಕ್ಷನ್ (ಒಳಗಿನ ಭಾಗ ಎದ್ದು ಕಾಣಲು ಕೊಡುವ ಔಷಧ) ಹೋಗುವಾಗ ಮೈಯೆಲ್ಲ ಬಿಸಿಯಾಗಿ, ಬಟ್ಟೆಯಲ್ಲೇ ಮೂತ್ರ ಹೋದ ಹಾಗೆ ಅನ್ನಿಸುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಪೇಷಂಟ್ ಗಾಬರಿಯಾಗಿ ಅಲ್ಲಾಡುತ್ತಾರೆ, ಸ್ಕ್ಯಾನ್ ಹಾಳು. ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಸುವ ರಕ್ತಪರೀಕ್ಷೆಯ ಅಂಕಿ) ಎಷ್ಟಿದೆ, ಹಿಂದೆ ಅಲರ್ಜಿ ಆಗಿತ್ತಾ ಅಂತ ಕೇಳುವುದು ಬರೀ ಫಾರ್ಮ್ ತುಂಬುವ ಕೆಲಸ ಅಲ್ಲ.

ಎಂಆರ್‌ಐಯಲ್ಲಿ ಎಕ್ಸ್‌ರೇ ಇಲ್ಲ. ಅಪಾಯ ಬೇರೆ ಥರದ್ದು. ಆ ಅಯಸ್ಕಾಂತ ರಾತ್ರಿ ಹಗಲು ಆನ್ ಇರುತ್ತದೆ, ಸ್ಕ್ಯಾನ್ ನಡೆಯದಿದ್ದರೂ. 2018ರಲ್ಲಿ ಮುಂಬೈಯ ಆಸ್ಪತ್ರೆಯೊಂದರಲ್ಲಿ ಆಕ್ಸಿಜನ್ ಸಿಲಿಂಡರ್ ಹಿಡಿದು ಆ ಕೋಣೆಗೆ ಹೋದ ರೋಗಿಯ ಸಂಬಂಧಿಯೊಬ್ಬರು ಸಿಲಿಂಡರ್ ಸಮೇತ ಸೆಳೆಯಲ್ಪಟ್ಟು ಪ್ರಾಣ ಕಳೆದುಕೊಂಡರು. ಹಾಗಾಗಿ ಬಾಗಿಲ ಬಳಿ ನೀವು ಎಷ್ಟು ಕಟ್ಟುನಿಟ್ಟಾದರೂ ಕಡಿಮೆಯೇ. ನಮ್ಮ ಕಡೆ ಕಷ್ಟ ಬರುವುದು ತಾಳಿ ತೆಗೆಸುವಾಗ. ಚಿನ್ನ ಅಯಸ್ಕಾಂತಕ್ಕೆ ಅಂಟುವುದಿಲ್ಲ ನಿಜ, ಆದರೆ ಚಿತ್ರ ಕೆಡುತ್ತದೆ, ಬಿಸಿಯೂ ಆಗಬಹುದು, ಸರದ ಕೊಂಡಿಯಲ್ಲಿ ಯಾವ ಲೋಹ ಇದೆಯೋ ಯಾರಿಗೆ ಗೊತ್ತು. ಅದಕ್ಕಿಂತ ಮುಖ್ಯ, ಸರಕ್ಕೆ, ಬಳೆಗೆ ಸಿಕ್ಕಿಸಿದ ಸೇಫ್ಟಿ ಪಿನ್ನು! "ಏನಾದರೂ ಲೋಹ ಇದೆಯಾ" ಅಂತ ಕೇಳಿದರೆ ಇಲ್ಲ ಅನ್ನುತ್ತಾರೆ, ಪಿನ್ನು ಅವರ ಲೆಕ್ಕದಲ್ಲೇ ಇರುವುದಿಲ್ಲ. "ಪಿನ್ನು, ಕಾಲುಂಗುರ, ಉಡಿದಾರದ ಬೆಳ್ಳಿ" ಅಂತ ಹೆಸರು ಹಿಡಿದು ಕೇಳಬೇಕು. ತಾಳಿ ಬಿಚ್ಚಲು ಒಪ್ಪದವರಿಗೆ ಅರಿಶಿನದ ಕೊಂಬು ಕಟ್ಟಿದ ದಾರ ಹಾಕಿಕೊಳ್ಳಿ ಅಂದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಇದು ಯಾವ ಪಠ್ಯದಲ್ಲೂ ಇಲ್ಲ.

ಅದಕ್ಕೇ ಆಸ್ಪತ್ರೆ ನೋಡಿ ಅಂದದ್ದು. ಇವೆಲ್ಲ ಬರುವುದು ಜನ ಬಂದರೆ. ಬೆಂಗಳೂರಿನ ವಿಕ್ಟೋರಿಯಾ, ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ) ಥರದ ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ಮೆಷಿನ್ ಹಳೆಯದಿರಬಹುದು, ಆದರೆ ಆಕ್ಸಿಡೆಂಟ್ ಕೇಸಿನಿಂದ ಹಿಡಿದು ಎಲ್ಲವೂ ಬರುತ್ತದೆ. ನಿಮ್ಹಾನ್ಸ್‌ನಲ್ಲೂ ಬಿ.ಎಸ್ಸಿ ರೇಡಿಯೋಗ್ರಫಿ ಇದೆ, ತಲೆ ಮತ್ತು ಬೆನ್ನುಹುರಿಯ ಕೆಲಸ ಅಲ್ಲಿ ಕಲಿತ ಹಾಗೆ ಬೇರೆಡೆ ಕಷ್ಟ. ಮಣಿಪಾಲದಲ್ಲಿ ಸೌಕರ್ಯ ಚೆನ್ನಾಗಿದೆ, ಫೀಸೂ ಹಾಗೇ ಇದೆ. ಇನ್ನು ಕೆಲವು ಖಾಸಗಿ ಕಾಲೇಜುಗಳಿವೆ, ಹೆಸರು ಹೇಳುವುದಿಲ್ಲ, ಸ್ವಂತ ಆಸ್ಪತ್ರೆಯೇ ಇರುವುದಿಲ್ಲ. ಅಲ್ಲಿಂದ ನಮ್ಮಲ್ಲಿಗೆ ಬಂದ ಇಂಟರ್ನ್‌ಗಳಲ್ಲಿ ಒಮ್ಮೆಯೂ ಪೇಷಂಟ್‌ನನ್ನು ತಾವೇ ಪೊಸಿಷನ್ ಮಾಡಿರದವರು ಇದ್ದರು. ತಪ್ಪು ಅವರದಲ್ಲ.

ಸೇರುವ ಮೊದಲು ಬೆಳಿಗ್ಗೆ ಹತ್ತು ಗಂಟೆಗೆ ಹೋಗಿ ಎಕ್ಸ್‌ರೇ ಕೋಣೆಯ ಮುಂದೆ ಕುಳಿತುಕೊಳ್ಳಿ. ಕ್ಯೂ ಇದೆಯಾ? ಕೆಲಸ ವಿದ್ಯಾರ್ಥಿಗಳು ಮಾಡುತ್ತಿದ್ದಾರಾ, ಸುಮ್ನೆ ಗೋಡೆಗೆ ಒರಗಿ ನಿಂತಿದ್ದಾರಾ? ಸಿಟಿ, ಎಂಆರ್‌ಐ ಆಸ್ಪತ್ರೆಯದ್ದಾ, ಹೊರಗಿನ ಡಯಾಗ್ನೊಸ್ಟಿಕ್ ಕಂಪನಿಯದ್ದಾ ಅಂತ ಕೇಳಿ. ಹೊರಗಿನವರದ್ದಾದರೆ ವಿದ್ಯಾರ್ಥಿಗಳನ್ನು ಕನ್ಸೋಲ್ (ಮೆಷಿನ್ ನಡೆಸುವ ಕಂಪ್ಯೂಟರ್) ಹತ್ತಿರ ಬಿಡದ ಜಾಗಗಳಿವೆ. ವಿದ್ಯಾರ್ಥಿಗಳಿಗೆ ಟಿಎಲ್‌ಡಿ ಬ್ಯಾಡ್ಜ್ ಕೊಡುತ್ತಾರಾ ಅಂತಲೂ ಕೇಳಿ. ಆಫೀಸಿನಲ್ಲಿ ಅಲ್ಲ, ಕ್ಯಾಂಟೀನ್‌ನಲ್ಲಿ ಸೀನಿಯರ್‌ಗಳ ಹತ್ತಿರ.

ಡಿಪ್ಲೊಮಾ ಕೂಡ ಇದೆ, ಅದನ್ನು ನಡೆಸುವುದು ಪ್ಯಾರಾ ಮೆಡಿಕಲ್ ಮಂಡಳಿ. ಬೇಗ ಸಂಪಾದನೆ ಬೇಕು, ಊರ ಹತ್ತಿರ ತಾಲ್ಲೂಕು ಆಸ್ಪತ್ರೆಯ ಎಕ್ಸ್‌ರೇ ಹುದ್ದೆ ಸಾಕು ಅನ್ನುವವರಿಗೆ ಕೆಟ್ಟ ದಾರಿ ಅಲ್ಲ. ನೀವು ಸೈನ್ಸ್ ಮುಗಿಸಿದ್ದೀರಿ, ಮನೆಯ ಪರಿಸ್ಥಿತಿ ಒಪ್ಪಿದರೆ ಡಿಗ್ರಿಯೇ ಮಾಡಿ. 2021ರಲ್ಲಿ ಕೇಂದ್ರ ಸರ್ಕಾರ ಅಲೈಡ್ ಹೆಲ್ತ್ ವೃತ್ತಿಗಳಿಗೆ (ಡಾಕ್ಟರ್, ನರ್ಸ್ ಬಿಟ್ಟು ನಮ್ಮಂಥವರ ಕೆಲಸಗಳಿಗೆ) ಪ್ರತ್ಯೇಕ ಕಾನೂನು ತಂದಿದೆ. ಅದರ ಪ್ರಕಾರ ನಮ್ಮ ಕೆಲಸಕ್ಕೂ ನೋಂದಣಿ ಬರಬೇಕು, ಆಗ ಸರಿಯಾದ ಡಿಗ್ರಿಯ ಬೆಲೆ ಗೊತ್ತಾಗುತ್ತದೆ. ಸಂಬಳದ ಬಗ್ಗೆ ಕನಸು ಬೇಡ. ಖಾಸಗಿಯಲ್ಲಿ ಶುರುವಿನಲ್ಲಿ ಕಡಿಮೆಯೇ, ಎಷ್ಟೋ ಕಡೆ ಇಪ್ಪತ್ತು ಸಾವಿರದ ಒಳಗೆ. ಸಿಟಿ, ಎಂಆರ್‌ಐ ಒಂಟಿಯಾಗಿ ನಿಭಾಯಿಸಲು ಬಂದಮೇಲೆ ಏರುತ್ತದೆ.

ಹೊರದೇಶದ ಆಸೆ ಇದ್ದರೆ ಗಲ್ಫ್‌ಗೆ ಲೈಸೆನ್ಸ್ ಪರೀಕ್ಷೆ, ಸರ್ಟಿಫಿಕೇಟ್‌ಗಳ ಪರಿಶೀಲನೆ ಇರುತ್ತದೆ. ಬ್ರಿಟನ್‌ಗೆ ಅಲ್ಲಿಯ ಆರೋಗ್ಯ ವೃತ್ತಿಗಳ ಮಂಡಳಿ ಎಚ್‌ಸಿಪಿಸಿಯ ನೋಂದಣಿ ಬೇಕು. ಅಮೆರಿಕ ಕಷ್ಟ. ಅಲ್ಲಿ ನಮ್ಮ ಕೆಲಸಕ್ಕೆ ಇರುವ ಎಆರ್‌ಆರ್‌ಟಿ ಪರೀಕ್ಷೆಗೆ ಅವರು ಒಪ್ಪಿದ ಕೋರ್ಸ್‌ನಲ್ಲೇ ಓದಿರಬೇಕು, ನಮ್ಮ ಡಿಗ್ರಿ ಮಾತ್ರ ಇಟ್ಟುಕೊಂಡು ಕೂರಲಾಗದು. ಎಲ್ಲಿಗೇ ಹೋಗುವುದಾದರೂ ಮಾರ್ಕ್ಸ್ ಕಾರ್ಡ್, ಸಿಲಬಸ್ ಪ್ರತಿ, ಇಂಟರ್ನ್‌ಶಿಪ್‌ನಲ್ಲಿ ಯಾವ ವಿಭಾಗದಲ್ಲಿ ಎಷ್ಟು ಗಂಟೆ ಅನ್ನುವ ಪತ್ರ, ಇವನ್ನು ಕಾಲೇಜು ಬಿಡುವ ಮೊದಲೇ ಸೀಲು ಸಹಿ ಹಾಕಿಸಿ ಇಟ್ಟುಕೊಳ್ಳಿ. ಆಮೇಲೆ ಕೇಳಲು ಹೋದರೆ ಆ ಪ್ರಿನ್ಸಿಪಾಲರೂ ಇರುವುದಿಲ್ಲ, ಗುಮಾಸ್ತರೂ ಇರುವುದಿಲ್ಲ.